ಊಟವಿಲ್ಲದೆಯೂ ಏರಿದ ಸಕ್ಕರೆ

ಹೆಗಡೆಯವರು ಅವತ್ತು ಎಲೆಯಡಿಕೆಯ ಕವಳ ಹಾಕಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. (ಈ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಯಾರೋ ಒಬ್ಬ ಹೆಗಡೆಯವರ ಅಂಗಳಕ್ಕೇ ಬೀಳುತ್ತದೆ. ಹಾಗಾಗಿ ಗುರುತು ಬಿಟ್ಟುಕೊಟ್ಟಂತೆ ಆಗಲಿಲ್ಲ ಎಂದುಕೊಂಡಿದ್ದೇನೆ.)

ಶಿರಸಿಯಿಂದ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಚಿಕ್ಕ ದವಾಖಾನೆ ಇದೆ. ಒಂದು ಮೇಜು, ರೋಗಿಯನ್ನು ಮಲಗಿಸಲು ಒಂದು ಮಂಚ, ಇಸಿಜಿ ಯಂತ್ರ, ಸಕ್ಕರೆ ನೋಡುವ ಮೀಟರು, ಮೂತ್ರ ಪರೀಕ್ಷೆಯ ಪಟ್ಟಿಗಳು. ಸ್ಕ್ಯಾನಿಂಗ್ ಬೇಕಾದರೆ ಶಿರಸಿ ಪೇಟೆಗೆ ಕಳಿಸುತ್ತೇನೆ. ಪರಿಸ್ಥಿತಿ ಕೈಮೀರಿದರೆ ಹುಬ್ಬಳ್ಳಿ, ಅಂದರೆ ನೂರು ಕಿಲೋಮೀಟರಿನಷ್ಟು ದಾರಿ. ಆಷಾಢದ ಮಳೆಯಲ್ಲಿ ಆ ನೂರು ಕಿಲೋಮೀಟರು ಎಷ್ಟು ಉದ್ದ ಎಂಬುದು ಘಟ್ಟದವರಿಗೆ ಗೊತ್ತು. ದೇವಿಮನೆ ಘಟ್ಟ ಇಳಿದು ಕರಾವಳಿಗೆ ಹೋಗುವ ದಾರಿಯೂ ಮಳೆಗಾಲದಲ್ಲಿ ನಂಬುವಂಥದ್ದಲ್ಲ.

ಹೆಗಡೆಯವರಿಗೆ ಆಗ ಅರವತ್ತನಾಲ್ಕು. ಸಕ್ಕರೆ ಕಾಯಿಲೆಗೆ ಹತ್ತೊಂಬತ್ತು ವರ್ಷ. ಹಗಲು ಮಾತ್ರೆ, ರಾತ್ರಿ ಇನ್ಸುಲಿನ್. ತೋಟದಲ್ಲಿ ಕೊನೆಗಳಿಗೆ ಮದ್ದು ಹೊಡೆಸುವ ಗಡಿಬಿಡಿಯ ನಡುವೆ ಒಂದು ಮಂಗಳವಾರ ಮಧ್ಯಾಹ್ನ ಬಂದರು. ‘ಹೊಟ್ಟೆ ಭಾರ. ಉಬ್ಬರಿಸಿದಂತೆ ಆಗುತ್ತದೆ. ಅನ್ನ ಸೇರುವುದಿಲ್ಲ’ ಎಂದರು. ನೋವಿದೆಯೇ ಎಂದರೆ, ‘ನೋವು ಎನ್ನುವಂಥದ್ದೇನಿಲ್ಲ, ಒಂಥರಾ ಅಸಮಾಧಾನ’ ಎಂದರು. ಮನೆಯಲ್ಲಿ ಹಿಂಗು ಹಾಕಿದ ಮಜ್ಜಿಗೆ ಆಗಿತ್ತು, ಕಷಾಯ ಆಗಿತ್ತು. ಹರಳೆಣ್ಣೆ ಕುಡಿಸುವ ಮಾತೂ ನಡೆದಿತ್ತಂತೆ. ಪುಣ್ಯಕ್ಕೆ ಕುಡಿಸಿರಲಿಲ್ಲ.

ಜ್ವರವಿಲ್ಲ. ನಾಡಿ 104. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಹಾಗಿರಬಹುದೆಂದು ನಾನೇ ಕಾರಣ ಹುಡುಕಿಕೊಂಡೆ. ಸಕ್ಕರೆ 286. ಬಹಳ ವರ್ಷದ ಸಕ್ಕರೆ ಕಾಯಿಲೆಯವರು ಹೊಟ್ಟೆಯ ಮೇಲ್ಭಾಗದ ಅಸಮಾಧಾನ ಎಂದರೆ ವೈದ್ಯನಾದವನು ಮೊದಲು ಹೆದರುವುದು ಹೃದಯಕ್ಕೆ, ಏಕೆಂದರೆ ಇಂಥವರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಆಗುತ್ತದೆ. ಇಸಿಜಿ ತೆಗೆದೆ. ಚೆನ್ನಾಗಿಯೇ ಇತ್ತು. ನಾನು ಎಡವಿದ್ದು ಅಲ್ಲಿಯೇ. ಹೃದಯವಲ್ಲ ಎಂಬ ಸಮಾಧಾನದಲ್ಲಿ ಹೊಟ್ಟೆಯನ್ನು ಒಂದು ನಿಮಿಷವೂ ಸರಿಯಾಗಿ ಮುಟ್ಟಿ ನೋಡಲಿಲ್ಲ. ನೋಯುತ್ತದೆಯೇ ಎಂದು ಬಲಗಡೆ ಕೆಳಗೆ ಒತ್ತಿದಾಗ ‘ಸ್ವಲ್ಪ’ ಎಂದಿದ್ದರು. ಗ್ಯಾಸಿನ ಮಾತ್ರೆ ಬರೆದು ಕಳಿಸಿದೆ.

ಗುರುವಾರ ರಾತ್ರಿ ಮಗ ಜೀಪಿನಲ್ಲಿ ಕರೆತಂದ. ನಾಲಿಗೆ ಒಣಗಿತ್ತು, ನಾಡಿ 126, ಜ್ವರ ಆಗಲೂ ನೂರರ ಆಸುಪಾಸು. ಹೊಟ್ಟೆಯ ಬಲಗಡೆ, ಹಿಂದಕ್ಕೆ ಸರಿದಂತೆ, ಕೈಗೆ ಗಟ್ಟಿಯಾಗಿ ಸಿಗುತ್ತಿತ್ತು. ಸಕ್ಕರೆ 412, ಮೂತ್ರದಲ್ಲಿ ಕೀಟೋನ್, ಅಂದರೆ ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲ. ಸೊಸೆ ಒಂದು ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದಿದ್ದಳು. ಡೇರಿಗೆ ಹಾಕಿದ ಹಾಲಿನ ಲೆಕ್ಕದ ಪಕ್ಕದಲ್ಲಿ ಮಾವನ ಸಕ್ಕರೆಯ ಲೆಕ್ಕ: 198, 241, 318, 355. ಆ ದಿನಗಳಲ್ಲಿ ಅವರು ಉಂಡದ್ದು ಎರಡು ಲೋಟ ಗಂಜಿ ತಿಳಿ. ‘ಏನೂ ತಿನ್ನದೆ ಶುಗರ್ ಏರುತ್ತದೆಯೇ ಡಾಕ್ಟರೇ? ಮೀಟರು ಕೆಟ್ಟಿರಬೇಕು ಎಂದು ಪೇಟೆಗೆ ಹೋದಾಗ ಬ್ಯಾಟರಿ ಬದಲಿಸಿಕೊಂಡು ಬಂದೆವು’ ಎಂದಳು. ಊಟವಿಲ್ಲವಲ್ಲ ಎಂದು ರಾತ್ರಿಯ ಇನ್ಸುಲಿನ್ನನ್ನೂ ನಿಲ್ಲಿಸಿದ್ದರು. ಹಾಗೆ ಮಾಡಬೇಡಿ ಎಂದು ಮಂಗಳವಾರವೇ ನಾನು ಹೇಳಬೇಕಿತ್ತು.

ಸಲೈನ್ ಹಚ್ಚಿ ಹುಬ್ಬಳ್ಳಿಗೆ ಕಳಿಸಿದೆ. ಅಪೆಂಡಿಕ್ಸ್ ದೊಡ್ಡ ಕರುಳಿನ ಬುಡದ ಹಿಂದೆ ಅಡಗಿ ಕುಳಿತಿತ್ತು, ತುದಿ ಒಡೆದು ಕೀವು ತುಂಬಿತ್ತು. ಬದುಕಿದರು. ಎರಡು ವಾರಕ್ಕೂ ಹೆಚ್ಚು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ನೋಡಲು ಹೋದಾಗ ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ‘ನೋವೇ ಇಲ್ಲದ ಮೇಲೆ ನಾನು ನಿಮಗೆ ಹೇಳುವುದಾದರೂ ಏನನ್ನು?’ ಎಂದು ಕೇಳಿದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ.

ಅಪೆಂಡಿಕ್ಸಿನ ಪಾಠ ನಮಗೆಲ್ಲ ಕಂಠಪಾಠ. ಮೊದಲು ಹೊಕ್ಕುಳ ಸುತ್ತ ಮಂದ ನೋವು, ಕೆಲವು ಗಂಟೆಗಳ ನಂತರ ಅದು ಬಲಗಡೆ ಕೆಳಕ್ಕೆ ಇಳಿದು ಚುಚ್ಚತೊಡಗುತ್ತದೆ, ಜೊತೆಗೆ ವಾಂತಿ, ಜ್ವರ. ಈ ಸ್ಥಳಾಂತರಕ್ಕೆ ಕಾರಣ ನರಗಳು. ಕರುಳಿನೊಳಗಿನ ಸಂಕಟವನ್ನು ಮಿದುಳಿಗೆ ಒಯ್ಯುವ ನರಗಳು ಹೊಕ್ಕುಳ ಸುತ್ತಲಿನ ಚರ್ಮದ ನರಗಳು ಸೇರುವ ಜಾಗದಲ್ಲಿಯೇ ಬೆನ್ನುಹುರಿಯನ್ನು ಸೇರುತ್ತವೆ, ಆದ್ದರಿಂದ ಮೊದಲ ನೋವು ಅಲ್ಲಿ. ಉರಿಯೂತ ಹೊಟ್ಟೆಯ ಒಳಪೊರೆಯನ್ನು ತಾಗಿದ ಮೇಲೆ ಬೇರೆ ನರಗಳು ನಿಖರವಾದ ಜಾಗ ತೋರಿಸುತ್ತವೆ. ಬಹುಕಾಲದ ಸಕ್ಕರೆ ಕಾಯಿಲೆ ಮೊದಲನೆಯ ಬಗೆಯ ನರಗಳನ್ನು ಮೆಲ್ಲನೆ ತಿಂದುಹಾಕುತ್ತದೆ. ಯಕ್ಷಗಾನಕ್ಕೆ ನಡುರಾತ್ರಿ ಬಂದು ಕುಳಿತವನ ಹಾಗೆ, ರೋಗಿಗೆ ಕಥೆಯ ಮೊದಲರ್ಧ ಗೊತ್ತೇ ಇರುವುದಿಲ್ಲ. ಹೆಗಡೆಯವರದ್ದರ ಹಾಗೆ ಅಪೆಂಡಿಕ್ಸ್ ಕರುಳಿನ ಹಿಂದಿದ್ದರೆ ಅದು ಮುಂದಿನ ಪೊರೆಯನ್ನು ತಾಗುವುದೂ ತಡ. ಇತ್ತ ಸಕ್ಕರೆ ಏರಿದ ರಕ್ತದಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ಕಣಗಳು ಸೋಮಾರಿಗಳಾಗುತ್ತವೆ. ಲಕ್ಷಣ ಮೆಲ್ಲಗೆ, ರೋಗ ವೇಗವಾಗಿ.

ಅಪೆಂಡಿಕ್ಸಿನ ಅನುಮಾನ ಎಷ್ಟು ಗಟ್ಟಿ ಎಂದು ತಿಳಿಯಲು ಲಕ್ಷಣಗಳಿಗೆ ಅಂಕ ಕೊಡುವ ಪದ್ಧತಿಯೊಂದಿದೆ, ಅಲ್ವರಾಡೊ ಅಂಕ ಎನ್ನುತ್ತಾರೆ, 1986ರದ್ದು. ಒಟ್ಟು ಹತ್ತು ಅಂಕ. ಅವರನ್ನು ಕಳಿಸಿದ ರಾತ್ರಿ ನಿದ್ದೆ ಬಾರದೆ ಮಂಗಳವಾರದ ಹೆಗಡೆಯವರಿಗೆ ಅಂಕ ಹಾಕಿ ನೋಡಿದೆ. ಹಸಿವಿಲ್ಲದ್ದಕ್ಕೆ ಒಂದು, ಬಲಗಡೆ ಒತ್ತಿದಾಗ ‘ಸ್ವಲ್ಪ’ ಎಂದದ್ದಕ್ಕೆ ಎರಡು. ಜ್ವರಕ್ಕೆ ಸೊನ್ನೆ, ನೋವು ಜಾಗ ಬದಲಿಸಿದ್ದಕ್ಕೆ ಸೊನ್ನೆ, ರಕ್ತಪರೀಕ್ಷೆ ಮಾಡಿಸಿರಲೇ ಇಲ್ಲ. ಮೂರು ಅಂಕದವರನ್ನು ಪುಸ್ತಕವೂ ಮನೆಗೇ ಕಳಿಸುತ್ತದೆ. ಪುಸ್ತಕ ನನ್ನನ್ನು ಕ್ಷಮಿಸಿತು. ಆದರೆ ಅದಕ್ಕಿಂತ ಒಳ್ಳೆಯ ದಾಖಲೆಯನ್ನು ಆ ಸೊಸೆ ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟಿದ್ದಳು. ದೇಹದೊಳಗೆ ಸೋಂಕು ಹೊತ್ತಿಕೊಂಡಾಗ ಅಡ್ರಿನಲಿನ್, ಕಾರ್ಟಿಸೋಲ್‌ಗಳಂಥ ಹಾರ್ಮೋನುಗಳು ಏರುತ್ತವೆ, ಯಕೃತ್ತು ಸಕ್ಕರೆಯನ್ನು ಸುರಿಯುತ್ತದೆ, ಇನ್ಸುಲಿನ್ ಇದ್ದೂ ಕೆಲಸ ಮಾಡುವುದಿಲ್ಲ. ಮೀಟರು ಕೆಟ್ಟಿರಲಿಲ್ಲ.

ಅಂದಿನಿಂದ ಸಕ್ಕರೆ ಕಾಯಿಲೆಯವರು ಹೊಟ್ಟೆಯ ದೂರು ತಂದರೆ ನನ್ನ ಮೊದಲ ಪ್ರಶ್ನೆ ಹೊಟ್ಟೆಯದ್ದಲ್ಲ, ಚಪ್ಪಲಿಯದ್ದು. ‘ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿದರೆ ಗೊತ್ತಾಗುತ್ತದೆಯೇ?’ ಗೊತ್ತಾಗುವುದಿಲ್ಲ ಎಂದವರ ಪಾದದ ನರಗಳು ಸೋತಿವೆ. ಪಾದದ ನರ ಬೇರೆ, ಕರುಳಿನ ನರ ಬೇರೆ, ನಿಜ. ಆದರೆ ಎರಡನ್ನೂ ಸೋಲಿಸುವ ಕಾಯಿಲೆ ಒಂದೇ. ಕುಳಿತಲ್ಲಿಂದ ಎದ್ದಾಗ ತಲೆ ತಿರುಗುತ್ತದೆಯೇ, ಉಂಡದ್ದು ತಾಸುಗಟ್ಟಲೆ ಹೊಟ್ಟೆಯಲ್ಲೇ ಕುಳಿತಂತೆ ಅನಿಸುತ್ತದೆಯೇ ಎಂದೂ ಕೇಳುತ್ತೇನೆ. ಹೌದೆಂದರೆ, ‘ನೋವಿಲ್ಲ’ ಎಂಬ ಅವರ ಮಾತಿಗೆ ಅರ್ಧ ಬೆಲೆ ಮಾತ್ರ ಕೊಡುತ್ತೇನೆ. ಎರಡನೆಯದು ಸಕ್ಕರೆಯ ಲೆಕ್ಕ. ಇವತ್ತಿನ ಒಂದು ಅಂಕಿ ಸಾಲದು, ಹಿಂದಿನ ಮೂರು ನಾಲ್ಕು ದಿನದ್ದು ಬೇಕು. ತಿನ್ನುವುದು ಇಳಿದು ಸಕ್ಕರೆ ಏರಿದ್ದರೆ ದೇಹದಲ್ಲಿ ಎಲ್ಲಿಯೋ ಬೆಂಕಿ ಇದೆ ಎಂದೇ ಹಿಡಿಯುತ್ತೇನೆ. ಹಾಗೆಂದು ಸಕ್ಕರೆ ಏರಿಲ್ಲವೆಂದು ನಿಶ್ಚಿಂತನಾಗುವಂತೆಯೂ ಇಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುವವರಲ್ಲಿ ಸಕ್ಕರೆ ಹೆಚ್ಚೇನೂ ಏರದೆ ಕೀಟೋನ್ ಮಾತ್ರ ಏರಬಹುದು. ಅವರ ಮೂತ್ರವನ್ನು ನೋಡಿಯೇ ನೋಡುತ್ತೇನೆ.

ಆಮೇಲೆ ಹೊಟ್ಟೆ. ಕೆಮ್ಮಲು ಹೇಳುತ್ತೇನೆ. ತುದಿಗಾಲ ಮೇಲೆ ನಿಂತು ಹಿಮ್ಮಡಿಯನ್ನು ನೆಲಕ್ಕೆ ಧೊಪ್ಪನೆ ಇಳಿಸಲು ಹೇಳಿ ಮುಖ ನೋಡುತ್ತೇನೆ. ಬಾಯಿ ಇಲ್ಲ ಎಂದರೂ ಹುಬ್ಬು ಹೌದೆನ್ನುವುದುಂಟು. ಎಡಮಗ್ಗುಲಿಗೆ ಮಲಗಿಸಿ ಬಲಗಾಲನ್ನು ಹಿಂದಕ್ಕೆ ಎಳೆಯುತ್ತೇನೆ. ಕರುಳಿನ ಹಿಂದೆ ಅಡಗಿದ ಅಪೆಂಡಿಕ್ಸ್ ಮುಂದಿನಿಂದ ಒತ್ತಿದರೆ ಸುಮ್ಮನಿದ್ದು ಇದಕ್ಕೆ ಎಚ್ಚರಗೊಳ್ಳಬಹುದು. ಬರುವಾಗ ಬಸ್ಸು ಗುಂಡಿಗೆ ಇಳಿದಾಗ ಏನಾದರೂ ಅನಿಸಿತೇ ಎಂದು ಕೇಳುತ್ತೇನೆ. ಇದು ಹುಡುಗಾಟಿಕೆಯಲ್ಲ. 2012ರಲ್ಲಿ ಬ್ರಿಟನ್ನಿನ ವೈದ್ಯರು ರಸ್ತೆಯುಬ್ಬು ದಾಟಿಕೊಂಡು ಆಸ್ಪತ್ರೆಗೆ ಬಂದವರನ್ನು ಕೇಳಿ ನೋಡಿದರು. ಅಪೆಂಡಿಕ್ಸ್ ಖಚಿತವಾದ 34 ಮಂದಿಯಲ್ಲಿ 33 ಮಂದಿಗೆ ಉಬ್ಬಿನ ಮೇಲೆ ನೋವು ಹೆಚ್ಚಿತ್ತು. ಅವರು ಉಬ್ಬುಗಳನ್ನು ಹುಡುಕಬೇಕಾಯಿತು. ನಮ್ಮ ರಸ್ತೆಗಳಲ್ಲಿ ಆ ಕಷ್ಟವಿಲ್ಲ.

ಹೊಟ್ಟೆನೋವೆಂದರೆ ಕೂಡಲೇ ಕತ್ತರಿ ಎನ್ನುವುದೂ ತಪ್ಪೇ. ತರಬೇತಿಯ ಕಾಲದಲ್ಲಿ ಹದಿನೇಳರ ಹುಡುಗನೊಬ್ಬ ಹೊಟ್ಟೆ ಹಿಡಿದು ನರಳುತ್ತ ಬಂದಿದ್ದ. ವಾಂತಿ, ಆಳವಾದ ಉಸಿರು, ಬಿಳಿ ಕಣಗಳೂ ಏರಿದ್ದವು. ಅವನಿಗಿದ್ದದ್ದು ಅಪೆಂಡಿಕ್ಸ್ ಅಲ್ಲ, ಕೀಟೋನ್ ಆಮ್ಲ ಏರಿ ಬಂದ ನೋವು. ಸಲೈನ್, ಇನ್ಸುಲಿನ್ ಹೋದಂತೆ ಆರೇಳು ತಾಸಿನಲ್ಲಿ ಹೊಟ್ಟೆ ಹತ್ತಿಯಂತೆ ಮೆತ್ತಗಾಯಿತು. ಆಮ್ಲ ಇಳಿದ ಮೇಲೂ ನೋವು ಉಳಿದರೆ ಆಗ ಶಸ್ತ್ರವೈದ್ಯರ ಸರದಿ. ತೊಡಕಿರುವುದು ಎಲ್ಲಿ ಎಂದರೆ, ಅಪೆಂಡಿಕ್ಸಿನ ಸೋಂಕೇ ಕೀಟೋನ್ ಏರಿಸಿರಲೂಬಹುದು. ಆದ್ದರಿಂದ ಹೊಟ್ಟೆಯನ್ನು ಒಮ್ಮೆ ಮುಟ್ಟಿ ಮುಗಿಸುವಂತಿಲ್ಲ, ತಾಸಿಗೊಮ್ಮೆ ಮುಟ್ಟುತ್ತಿರಬೇಕು. ಒಬ್ಬನೇ ಇರುವ ದವಾಖಾನೆಯಲ್ಲಿ ಅದು ಆಗದ ಕೆಲಸ. ಹಾಗಾಗಿ ಅನುಮಾನ ಬಂದವರನ್ನು ಬೆಳಕಿರುವಾಗಲೇ ಕಳಿಸಿಬಿಡುತ್ತೇನೆ.

ಹೀಗೆ ಕಳಿಸಿದವರಿಗೆಲ್ಲ ಅಪೆಂಡಿಕ್ಸ್ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬರಿಗೆ ಮೂತ್ರಪಿಂಡದ ಕಲ್ಲು. ಇನ್ನೊಬ್ಬರಿಗೆ ಬರೀ ಮಲಬದ್ಧತೆ. ಅವರು ಸ್ಕ್ಯಾನಿಂಗಿನ ಬಿಲ್ಲನ್ನು ನನ್ನ ಮೇಜಿನ ಮೇಲಿಟ್ಟು ಒಂದು ಮಾತೂ ಆಡದೆ ಹೋದರು. ಇಂದಿಗೂ ಬಂದಿಲ್ಲ.

ಮೂರನೆಯವರು ಕುಮಟಾ ಕಡೆಯಿಂದ ಬೆಳಗಿನ ಬಸ್ಸಿಗೆ ಮೀನು ತಂದು ಮಾರುವ ಅಕ್ಕ. ಐವತ್ತೆರಡು ವರ್ಷ, ಹತ್ತು ವರ್ಷದ ಸಕ್ಕರೆ ಕಾಯಿಲೆ. ನವೆಂಬರಿನ ಒಂದು ಬೆಳಿಗ್ಗೆ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು ಬಂದರು. ಉರಿಮೂತ್ರ, ಮತ್ತೆ ಮತ್ತೆ ಹೋಗಬೇಕೆನಿಸುತ್ತದೆ, ಎರಡು ಸಲ ಭೇದಿ. ಮೂತ್ರದ ಪಟ್ಟಿಯಲ್ಲಿ ಕೀವಿನ ಕಣಗಳು ಇದ್ದವು. ಸಕ್ಕರೆ ಕಾಯಿಲೆಯ ಹೆಂಗಸು, ಉರಿಮೂತ್ರ, ಕೀವಿನ ಕಣ: ಮಾತ್ರೆ ಬರೆಯಲು ಪೆನ್ನು ತೆರೆದೇ ಇತ್ತು. ಆದರೆ ಎಂದೂ ನೂರ ಅರವತ್ತು ದಾಟದ ಸಕ್ಕರೆ ಅವತ್ತು 310. ‘ಏನು ತಿಂದಿರಿ ಅಕ್ಕ?’ ಎಂದೆ. ‘ನಿನ್ನೆಯಿಂದ ಚಹಾ ಕೂಡ ಬೇಡ ಅನಿಸಿದೆ’ ಎಂದರು. ಚಪ್ಪಲಿ ಕಳಚಿದ್ದು ತಿಳಿಯುತ್ತದೆಯೇ ಎಂದೆ. ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಒಂದನ್ನು ಬಿಟ್ಟು ಬಂದ ಕಥೆಯನ್ನೇ ಹೇಳಿದರು. ಹಿಮ್ಮಡಿ ಇಳಿಸಿದಾಗ ಕೈ ತಾನಾಗಿ ಕೆಳಹೊಟ್ಟೆಗೆ ಹೋಯಿತು. ಅಪೆಂಡಿಕ್ಸ್ ಕೆಳಗೆ ಸೊಂಟದ ಎಲುಬುಗಳ ನಡುವಿನ ಪೊಳ್ಳಿಗೆ, ಅಂದರೆ ಕಟಿಕುಹರಕ್ಕೆ, ಇಳಿದು ಮೂತ್ರಕೋಶಕ್ಕೋ ಮಲಾಶಯಕ್ಕೋ ಒರಗಿದರೆ ಇದೇ ವೇಷ ಹಾಕುತ್ತದೆ. ಮೂತ್ರದಲ್ಲಿ ಕೀವಿನ ಕಣಗಳೂ ಕಾಣಿಸುತ್ತವೆ.

ಈಗಲೇ ಹೊರಡಬೇಕು ಎಂದೆ. ಇನ್ನೂ ಅರ್ಧ ಬುಟ್ಟಿ ಬಂಗಡೆ ಉಳಿದಿದೆ, ಮಾರಿ ನಾಳೆ ಹೋಗುತ್ತೇನೆ ಎಂದರು. ಹತ್ತು ನಿಮಿಷ ವಾದವಾಯಿತು. ಕೊನೆಗೆ ನಮ್ಮ ಸಿಸ್ಟರ್ ಬುಟ್ಟಿಯ ಜವಾಬ್ದಾರಿ ತಾನು ಹೊತ್ತಳು. ಕಾಯುವ ಬೆಂಚಿನಲ್ಲಿದ್ದವರೇ ಅಷ್ಟೂ ಮೀನನ್ನು ಕೊಂಡರು. ನಾನು ದುಡ್ಡನ್ನು ಲಕೋಟೆಯಲ್ಲಿ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ವಾಯು ಅಡ್ಡ ಬಂದು ಏನೂ ಸ್ಪಷ್ಟವಾಗಲಿಲ್ಲ, ಸಿಟಿ ಸ್ಕ್ಯಾನ್ ಮಾಡಿದಾಗ ಸಿಕ್ಕಿತು. ರಾತ್ರಿ ಒಂಬತ್ತಕ್ಕೆ ಶಸ್ತ್ರವೈದ್ಯರು ಫೋನ್ ಮಾಡಿದರು: ಊದಿಕೊಂಡಿತ್ತು, ಒಡೆದಿರಲಿಲ್ಲ.

ಹನ್ನೆರಡನೆಯ ದಿನ ಅಕ್ಕ ಬಂದರು. ಲಕೋಟೆ ಕೊಟ್ಟೆ. ಅಲ್ಲಿಯೇ ನಿಂತು ಎಣಿಸಿ, ಬಂಗಡೆಗೆ ಅವತ್ತು ಆ ದರ ಇರಲೇ ಇಲ್ಲ, ಯಾರು ಮಾರಿದ್ದು ಕರೆಯಿರಿ ಎಂದು ಸಿಸ್ಟರ್ ಜೊತೆ ಜಗಳಕ್ಕೆ ನಿಂತರು.