ಏಳು ಹಳೇ ಟರ್ಮಿನಲ್, ಒಂದು ಹೊಸ ನೆಟ್‌ವರ್ಕ್: ಅಡಿಕೆ ಸಂಘದಲ್ಲಿ ನಾನು ಮಾಡಿದ ಕೆಲಸ

ಆರು ವೈಸ್-60, ಒಂದು ಡೆಕ್ ವಿಟಿ-220. ಬರೀ ಪರದೆ ಮತ್ತು ಕೀಬೋರ್ಡು, ಲೆಕ್ಕವೆಲ್ಲ ದೂರದ ಸರ್ವರಿನಲ್ಲಿ. ಶಿರಸಿ ಪೇಟೆಯ ಒಂದು ಅಡಿಕೆ ವಹಿವಾಟಿನ ಸಂಘದಲ್ಲಿ ಈ ಏಳೂ ಟರ್ಮಿನಲ್ ಇವತ್ತು ಹೊಸ ನೆಟ್‌ವರ್ಕ್ ಮೇಲೆ ಓಡುತ್ತಿವೆ. ಒಂದು ಮಳೆಗಾಲ ಕಳೆಯಿತು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಟೆಂಡರಿನ ಜೋರಿನ ತಿಂಗಳುಗಳೂ ಕಳೆದವು. ಏನೂ ಕೈಕೊಡಲಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ ಮಾಡಿದ್ದೇನೆ.

ಶುರುವಾಗಿದ್ದು ಹಳೇ ಸರ್ವರ್ ಸತ್ತಾಗ. ಎಸ್‌ಸಿಒ ಯುನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ, ಕೋಬಾಲ್ ಭಾಷೆಯಲ್ಲಿ ಬರೆದ ವಹಿವಾಟಿನ ಪ್ರೋಗ್ರಾಂ, ಟರ್ಮಿನಲ್ ಸೇರಿಸಲು ಎಂಟು ಸೀರಿಯಲ್ ಪೋರ್ಟಿನ ಹಳೇ ಕಾಲದ ಐಸಾ ಕಾರ್ಡ್. ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿಕೊಂಡಿದ್ದವು. ಎರಡು ಸಲ ಬದಲಾಯಿಸಿ ಎಳೆದೆ, ಮೂರನೇ ಸಲ ಬೋರ್ಡೇ ಏಳಲಿಲ್ಲ. ಐಸಾ ಸ್ಲಾಟ್ ಇರುವ ಬೋರ್ಡ್ ಈಗ ಎಲ್ಲಿ ಹುಡುಕೋದು? ಸಂಘದವರು ಬೆಂಗಳೂರಿನ ಒಂದು ಕಂಪನಿಯಿಂದ ಕೊಟೇಶನ್ ತರಿಸಿದರು. ಏಳು ಹೊಸ ಪಿಸಿ, ಹೊಸ ಸಾಫ್ಟ್‌ವೇರ್, ತರಬೇತಿ, ಎಲ್ಲ ಸೇರಿ 11 ಲಕ್ಷ ಚಿಲ್ಲರೆ. ಅದರ ಮೇಲೆ ವರ್ಷ ವರ್ಷದ ಮೇಂಟೆನೆನ್ಸ್ ಬೇರೆ.

ನಾನು ಕೇಳಿದ್ದು ಒಂದೇ ಮಾತು. ಸತ್ತಿದ್ದು ಸರ್ವರ್ ಅಲ್ವಾ, ಟರ್ಮಿನಲ್ ಅಲ್ಲವಲ್ಲ? ಪ್ರೋಗ್ರಾಂ ಸರಿ ಇದೆ, ಲೆಕ್ಕ ಸರಿ ಇದೆ. ತೂಕದ ಕಟ್ಟೆಯಲ್ಲಿ ಕೂರುವ ಹಿರಿಯರಿಗೆ ಕಣ್ಣು ಮುಚ್ಚಿಕೊಂಡು ಕೀ ಒತ್ತುವಷ್ಟು ಅಭ್ಯಾಸ ಇದೆ. ಅಡಿಕೆ ಧೂಳಿನಲ್ಲಿ, ಆಷಾಢದ ಥಂಡಿಯಲ್ಲಿ ಆ ಕೀಬೋರ್ಡು ಮೂವತ್ತು ವರ್ಷ ಬಾಳಿದೆ. ಅದೇ ಗೋದಾಮಿನಲ್ಲಿ ಹಿಂದೆ ಇಟ್ಟ ಎರಡು ಪಿಸಿ ಎರಡು ಮಳೆಗಾಲ ದಾಟಲಿಲ್ಲ.

ಹಳೇ ಡಿಸ್ಕಿನ ಇಮೇಜ್ ನನ್ನ ಹತ್ತಿರ ಇತ್ತು. ಅದನ್ನು ಹೊಸ ಮಷೀನಿನ ಮೇಲೆ ವರ್ಚುವಲ್ ಮಷೀನ್ (ಸಾಫ್ಟ್‌ವೇರಿನಲ್ಲೇ ಓಡುವ ಕಂಪ್ಯೂಟರ್) ಆಗಿ ಎಬ್ಬಿಸುತ್ತೇನೆ, ಟರ್ಮಿನಲ್‌ಗಳನ್ನು ಟೆಲ್ನೆಟ್ (ನೆಟ್‌ವರ್ಕ್ ಮೇಲೆ ಲಾಗಿನ್ ಆಗುವ ಹಳೇ ವಿಧಾನ) ಮೂಲಕ ಅದಕ್ಕೆ ಸೇರಿಸುತ್ತೇನೆ ಅಂದೆ. ತೂಕದ ಕಟ್ಟೆಯ ಹಿರಿಯರು ತಲೆ ಅಲ್ಲಾಡಿಸಿದರು. "ಇದು ಅಪ್ಪ ಹೋಪ ಕೆಲ್ಸ ಅಲ್ದೋ ತಮಾ" ಅಂದರು, ಆಗಿಹೋಗುವ ಕೆಲಸ ಅಲ್ಲ ಅಂತ. ಹುಬ್ಬಳ್ಳಿಯ ನನ್ನ ಗೆಳೆಯರು, ನಾನು ಇಪ್ಪತ್ತು ವರ್ಷದಿಂದ ಬಿಡಿಭಾಗ ಕೊಳ್ಳುವ ಅಂಗಡಿಯವರು, ಅವರೂ ಅದನ್ನೇ ಅಂದರು. ಕಾರ್ಯದರ್ಶಿಗಳು ಮಾತ್ರ ಒಂದು ತಿಂಗಳು ಟೈಮ್ ಕೊಟ್ಟರು. ನನಗೆ ಹಿಡಿದಿದ್ದು ಮೂರೂವರೆ ತಿಂಗಳು.

ಎಸ್‌ಸಿಒವನ್ನು ವರ್ಚುವಲ್ ಮಷೀನಿನಲ್ಲಿ ಎಬ್ಬಿಸಿದ ಕಥೆ ಇಲ್ಲಿ ಬೇಡ. ಡಿಸ್ಕ್ ಡ್ರೈವರಿನ ಹತ್ತಿರ ಎಂಟು ದಿನ ಹೋಯಿತು ಅಂತಷ್ಟೇ ಹೇಳುತ್ತೇನೆ. ದಾರಿ ಸಿಕ್ಕಿತು, ಅದು ನನ್ನ ಹೊಟ್ಟೆಪಾಡು. ಸೀರಿಯಲ್ ಕಡೆಗೆ, ಅಂದರೆ ಟರ್ಮಿನಲ್ಲಿನ ತಂತಿಯ ಕಡೆಗೆ ಬರೋಣ.

ಮೊದಲು ದುಡ್ಡು ಉಳಿಸಲು ಹೋದೆ. ಈ ತಂತಿಯನ್ನು ನೆಟ್‌ವರ್ಕಿಗೆ ಸೇರಿಸುವ ಸೀರಿಯಲ್ ಸರ್ವರ್ ಡಬ್ಬಿ ಅಂತ ರೆಡಿಮೇಡ್ ಸಿಗುತ್ತದೆ, ಆದರೆ ಒಳ್ಳೇ ಕಂಪನಿಯ ಒಂದೇ ಪೋರ್ಟಿನದಕ್ಕೆ ಹತ್ತು ಸಾವಿರದ ಹತ್ತಿರ ಹೇಳಿದರು. ಏಳಕ್ಕೆ ಲೆಕ್ಕ ಹಾಕಿ ಕೈಬಿಟ್ಟೆ. ಹುಬ್ಬಳ್ಳಿಯಿಂದ 250 ರೂಪಾಯಿಯ ಯುಎಸ್‌ಬಿ-ಸೀರಿಯಲ್ ಕೇಬಲ್ ಎಂಟು ತಂದೆ. ಹಳೇ ಥಿನ್ ಕ್ಲೈಂಟ್ (ಪುಟ್ಟ ಪಿಸಿ) ಒಂದಕ್ಕೆ ಡೆಬಿಯನ್ ಲಿನಕ್ಸ್ ಹಾಕಿ, ಹಬ್ ಇಟ್ಟು ಎಲ್ಲ ಚುಚ್ಚಿದೆ. ಮೂರು ದಿನ ಚೆನ್ನಾಗಿ ಓಡಿತು. ನಾಲ್ಕನೇ ದಿನ ಕರೆಂಟ್ ಹೋಗಿ ಬಂತು. ಆಮೇಲೆ ನೋಡಿದರೆ ಕ್ಯಾಶ್ ಕೌಂಟರಿನ ಸ್ಕ್ರೀನಿನಲ್ಲಿ ತೂಕದ ಮೆನು, ತೂಕದ ಕಟ್ಟೆಯಲ್ಲಿ ಲೆಕ್ಕಪತ್ರ. ಸೀರಿಯಲ್ ನಂಬರ್ ಇಲ್ಲದ ಚಿಪ್‌ಗಳು, ಲಿನಕ್ಸ್‌ಗೆ ಎಂಟೂ ಒಂದೇ ಥರ ಕಾಣುತ್ತವೆ. ಮೊದಲು ಎದ್ದವನೇ ಒಂದನೇ ನಂಬರ್. ಯಾವ ಯುಎಸ್‌ಬಿ ತೂತಿಗೆ ಚುಚ್ಚಿದೆ ಅನ್ನುವ ಹಾದಿಯ ಮೇಲೆ ಹೆಸರು ಕಟ್ಟಿ ಅದನ್ನು ಸರಿಮಾಡಿದೆ. ಆದರೆ ಮೇ ತಿಂಗಳ ಮೊದಲ ಗುಡುಗಿಗೆ ಎರಡು ಕೇಬಲ್ ಸುಟ್ಟವು, ಇನ್ನೊಂದು ಬಿಸಿಯಾಗಿ ನಿಂತಿತು. 2,000 ರೂಪಾಯಿ ನೀರಿಗೆ ಹೋಯಿತು. ಕೊನೆಗೆ ಎಫ್‌ಟಿಡಿಐ ಕಂಪನಿಯ ಚಿಪ್ಪಿನ, ನಾಲ್ಕು ಪೋರ್ಟಿನ ಯುಎಸ್‌ಬಿ-ಸೀರಿಯಲ್ ಡಬ್ಬಿ ಎರಡು ತರಿಸಿದೆ. ಎರಡಕ್ಕೂ ಸೇರಿ 11,000 ಆಗಿರಬೇಕು. ಮೊದಲೇ ಇದನ್ನು ಮಾಡಬೇಕಿತ್ತು.

ಇನ್ನು ಫ್ಲೋ ಕಂಟ್ರೋಲ್, ಅಂದರೆ ತುಂಬಿಹೋದಾಗ ಕಳಿಸುವವನನ್ನು ನಿಲ್ಲಿಸುವ ವ್ಯವಸ್ಥೆ. ನನ್ನ ನಿದ್ದೆ ಕೆಡಿಸಿದ್ದೇ ಇದು. ಹಳೇ ಕಾರ್ಡಿನಲ್ಲಿ ಎಲ್ಲ ಎಕ್ಸಾನ್-ಎಕ್ಸಾಫ್ ("ಕಳಿಸು", "ನಿಲ್ಲು" ಅನ್ನೋದನ್ನೂ ಅಕ್ಷರವಾಗೇ ಕಳಿಸುವ ವಿಧಾನ) ಮೇಲೆ ಇತ್ತು, ನಾನೂ ಹಾಗೇ ಬಿಟ್ಟೆ. ಸ್ಕ್ರೀನಿನಲ್ಲಿ ತೊಂದರೆ ಕಾಣಲಿಲ್ಲ. 9600ರ ವೇಗಕ್ಕೆ ಸೆಕೆಂಡಿಗೆ 960 ಅಕ್ಷರ, ಇಡೀ ಪರದೆ ತುಂಬಲು ಎರಡು ಸೆಕೆಂಡ್, ವೈಸ್ ಅದನ್ನು ಸಲೀಸಾಗಿ ನುಂಗುತ್ತದೆ. ಆದರೆ ತೂಕದ ಚೀಟಿ ಬರೋದು ಟರ್ಮಿನಲ್ಲಿನ ಬೆನ್ನಿಗೆ ಕಟ್ಟಿದ ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ. ಸರ್ವರ್ ಪ್ರಿಂಟ್ ಶುರು ಮಾಡುವ ಕೋಡ್ ಕಳಿಸುತ್ತದೆ, ಚೀಟಿ ಹೊರಡುತ್ತದೆ, ಕೊನೆಗೆ ಕಂಟ್ರೋಲ್-ಟಿ ಬಂದು ನಿಲ್ಲಿಸುತ್ತದೆ. ಪ್ರಿಂಟರ್ ನಿಧಾನ. ಬಫರ್ ತುಂಬಿದಾಗ ಟರ್ಮಿನಲ್ "ನಿಲ್ಲು" ಅಂತ ಕಂಟ್ರೋಲ್-ಎಸ್ ಕಳಿಸುತ್ತದೆ. ಮೊದಲು ಅದು ನೇರ ಕಾರ್ಡಿಗೆ ಮುಟ್ಟುತ್ತಿತ್ತು. ಈಗ ಅದು ಯುಎಸ್‌ಬಿ ದಾಟಿ, ಟೆಲ್ನೆಟ್ ಹತ್ತಿ, ವರ್ಚುವಲ್ ಮಷೀನ್ ಮುಟ್ಟುವಷ್ಟರಲ್ಲಿ ದಾರಿಯಲ್ಲಿದ್ದ ನೂರಾರು ಅಕ್ಷರ ಬಂದು ಸುರಿದಿರುತ್ತಿತ್ತು.

ಒಂದು ಮಧ್ಯಾಹ್ನ ಸಿದ್ದಾಪುರ ಕಡೆಯ ಒಬ್ಬರು ರೈತರು ಚೀಟಿ ಹಿಡಿದುಕೊಂಡು ನನ್ನ ಮುಂದೆ ನಿಂತರು. "ಚೀಲಕ್ಕೆ ನಾಲ್ಕು ಕೇಜಿಯೇನ್ರೀ?" ಅಂದರು. 64.350 ಇರಬೇಕಾದಲ್ಲಿ 4.350 ಅಂತ ಅಚ್ಚಾಗಿತ್ತು. ಕೆಳಗಿನ ಸಾಲಿನಲ್ಲಿ ಅವರ ಹೆಸರಿನ ಅರ್ಧವೂ ಇರಲಿಲ್ಲ. ಲೆಕ್ಕದಲ್ಲಿ ತೂಕ ಸರಿಯಾಗೇ ಕೂತಿತ್ತು, ಅಚ್ಚು ಮಾತ್ರ ತಪ್ಪು. ಆದರೆ ರೈತನ ಕೈಗೆ ಹೋಗೋದು ಆ ಚೀಟಿಯೇ ಅಲ್ವಾ? ಅವತ್ತು ಪ್ರಿಂಟ್ ನಿಲ್ಲಿಸಿ ಎರಡು ದಿನ ಕೈಯಲ್ಲೇ ಚೀಟಿ ಬರೆಸಿದೆ. ಎಲ್ಲರ ಮುಖ ನೋಡಲು ಆಗಲಿಲ್ಲ.

ಪರಿಹಾರ ವೈಸ್‌ನ ಸೆಟಪ್ಪಿನಲ್ಲೇ ಇತ್ತು. ರಿಸೀವ್ ಹ್ಯಾಂಡ್‌ಶೇಕ್ ಅನ್ನುವಲ್ಲಿ ಎಕ್ಸಾನ್ ಬಿಟ್ಟು ಡಿಟಿಆರ್ (ಟರ್ಮಿನಲ್ ತಯಾರಿದೆ ಅಂತ ತಿಳಿಸುವ ಬೇರೆ ತಂತಿ) ಆರಿಸಿದೆ. ಟರ್ಮಿನಲ್ಲಿನ 25 ಪಿನ್ನಿನ ಡಿಬಿ-25 ಕನೆಕ್ಟರಿನ 20ನೇ ಪಿನ್ನನ್ನು ಡಬ್ಬಿಯ ಒಂಬತ್ತು ಪಿನ್ನಿನ ಕನೆಕ್ಟರಿನಲ್ಲಿ 8ಕ್ಕೆ ಎಳೆದೆ. ಉಳಿದದ್ದು ಮಾಮೂಲು: 2ಕ್ಕೆ 2, 3ಕ್ಕೆ 3, 7ಕ್ಕೆ 5. ಲಿನಕ್ಸ್ ಕಡೆ ಹಾರ್ಡ್‌ವೇರ್ ಹ್ಯಾಂಡ್‌ಶೇಕ್ ಆನ್. ಈಗ "ನಿಲ್ಲು" ಅನ್ನೋದು ತಂತಿಯ ಮೇಲೆಯೇ ತಿಳಿಯುತ್ತದೆ, ಚಿಪ್ಪು ಒಂದೆರಡು ಅಕ್ಷರದೊಳಗೆ ನಿಲ್ಲುತ್ತದೆ. ಉದ್ದ ಚೀಟಿ ಇನ್ನೂರು ಸಲ ಹೊಡೆಸಿದೆ. ಒಂದು ಅಕ್ಷರ ಬಿಡಲಿಲ್ಲ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದೆ. ಅಭ್ಯಾಸದಂತೆ ಡಿಟಿಆರನ್ನು ಡಿಸಿಡಿಗೂ (ಆ ಕಡೆ ಟರ್ಮಿನಲ್ ಇದೆ ಅಂತ ತಿಳಿಸುವ ಪಿನ್) ಸೇರಿಸಿಬಿಟ್ಟಿದ್ದೆ. ಬಫರ್ ತುಂಬಿದಾಗೆಲ್ಲ ಡಿಟಿಆರ್ ಬೀಳುತ್ತದೆ, ಲಿನಕ್ಸ್ ಟರ್ಮಿನಲ್ ಆಫ್ ಆಯಿತು ಅಂದುಕೊಂಡು ಲೈನ್ ಕಡಿಯುತ್ತದೆ. ಚೀಟಿಯ ಮಧ್ಯದಲ್ಲಿ ಲಾಗೌಟ್! ಡಿಸಿಡಿಗೆ ಬೇರೆ ಪಿನ್ ಬೇಕು. ಯಾವುದು ಅನ್ನೋದು ನನ್ನ ಹತ್ತಿರವೇ ಇರಲಿ. ವೈಸ್ ಬಿಚ್ಚಿ ನೋಡಿದವರಿಗೆ ಹೊಳೆಯುತ್ತದೆ.

ವಿಟಿ-220ಕ್ಕೆ ಈ ಉಪಾಯ ಇಲ್ಲ. ಡೆಕ್‌ನವರು 1983ರಲ್ಲಿ ತಂದ ಆ ಮಾದರಿಗೆ ಎಕ್ಸಾನ್-ಎಕ್ಸಾಫ್ ಒಂದೇ ಗೊತ್ತು. ಅದು ಕಾರ್ಯದರ್ಶಿಗಳ ಕೋಣೆಯಲ್ಲಿದೆ, ಅಲ್ಲಿ ಪ್ರಿಂಟ್ ಇಲ್ಲ. ಸ್ಮೂತ್ ಸ್ಕ್ರೋಲ್ ತೆಗೆದು 4800ಕ್ಕೆ ಇಳಿಸಿದೆ, ಸುಮ್ನೆ ಓಡುತ್ತಿದೆ.

ಮೂರನೇ ತಲೆನೋವು ಯಾರೂ ಎಣಿಸದ್ದು. ಹಳೇ ಪ್ರೋಗ್ರಾಂ ಶುರುವಾಗುವಾಗ ತಾನು ಯಾವ ಪೋರ್ಟಿನಲ್ಲಿದ್ದೇನೆ ಅಂತ ನೋಡುತ್ತದೆ. ಮೂರನೇ ಪೋರ್ಟ್ ಅಂದರೆ ತೂಕ, ಐದನೆಯದು ಅಂದರೆ ಕ್ಯಾಶ್. ಟೆಲ್ನೆಟ್‌ನಲ್ಲಿ ಬಂದರೆ ಮೊದಲು ಬಂದವರಿಗೆ ಮೊದಲ ನಂಬರ್. ಬೆಳಿಗ್ಗೆ ಬೇಗ ಬಂದವರು ಯಾರೋ ಅವರೇ ತೂಕದವರು. ಕೋಬಾಲ್ ಸೋರ್ಸ್ ಯಾರ ಹತ್ತಿರವೂ ಇಲ್ಲ, ಬರೆದವರೂ ಈಗ ಇಲ್ಲ. ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಪೋರ್ಟ್ ಕೇಳುತ್ತಿದ್ದದ್ದು ಪ್ರೋಗ್ರಾಂ ಅಲ್ಲ, ಅದನ್ನು ಎಬ್ಬಿಸುವ ಶೆಲ್ ಸ್ಕ್ರಿಪ್ಟ್. ಅದು ಯಾವ ಪೋರ್ಟ್ ಅಂತ ಹೇಳುವ ಯುನಿಕ್ಸಿನ ಟಿಟಿವೈ ಕಮಾಂಡ್ ಕರೆದು ಉತ್ತರವನ್ನು ಒಳಗೆ ದಾಟಿಸುತ್ತಿತ್ತು. ನಾನು ಪ್ರತಿ ಟರ್ಮಿನಲ್ಲಿಗೂ ಬೇರೆ ಯೂಸರ್ ಮಾಡಿದೆ. ಅದೇ ಹೆಸರಿನ ನನ್ನದೊಂದು ಪುಟ್ಟ ಸ್ಕ್ರಿಪ್ಟ್ ಬರೆದು ಹುಡುಕುವ ದಾರಿಯಲ್ಲಿ ಅಸಲಿಗಿಂತ ಮುಂದೆ ಇಟ್ಟೆ. ಯೂಸರ್ ಯಾರು ನೋಡಿ ಹಳೇ ಪೋರ್ಟಿನ ಹೆಸರು ಹೇಳುತ್ತದೆ, ಅಷ್ಟೇ. ಹತ್ತು ಸಾಲು. ಈ ಹತ್ತು ಸಾಲಿನ ಬಗ್ಗೆ ನನಗೆ ಹೆಮ್ಮೆ ಇದೆ.

ಈಗ ಗೋದಾಮು. ಆಫೀಸಿನಿಂದ ಅಂಗಳ ದಾಟಿ ಇನ್ನೂರು ಅಡಿ ಮೇಲೆ. ಆರ್‌ಎಸ್-232ಕ್ಕೆ (ಈ ಸೀರಿಯಲ್ ತಂತಿಯ ಪದ್ಧತಿ) ಪುಸ್ತಕ 50 ಅಡಿ ಅನ್ನುತ್ತದೆ, ಇಲ್ಲಿ ಇನ್ನೂರು ಅಡಿ ತಂತಿ ವರ್ಷಗಟ್ಟಲೆ ಓಡಿತ್ತು. ದೂರ ತೊಂದರೆಯೇ ಅಲ್ಲ, ತೊಂದರೆ ಗುಡುಗು. ಎರಡು ಕಟ್ಟಡಕ್ಕೆ ಎರಡು ಅರ್ಥಿಂಗ್, ನಡುವೆ ತಾಮ್ರದ ತಂತಿ. ಪ್ರತಿ ವರ್ಷ ಏಪ್ರಿಲ್-ಮೇನಲ್ಲಿ ಟರ್ಮಿನಲ್ ಬಿಚ್ಚಿ ಸೀರಿಯಲ್ ತಂತಿ ನಡೆಸುವ 1488, 1489 ಚಿಪ್ ಬದಲಾಯಿಸೋದು ನನಗೆ ಹಬ್ಬದ ಲೆಕ್ಕ ಆಗಿತ್ತು. ಸಾಕೆಟ್ ಹಾಕಿಟ್ಟಿದ್ದೆ, ಹತ್ತು ನಿಮಿಷದ ಕೆಲಸ. ಹೋದ ಸಲ ಬಿಚ್ಚಿದಾಗ ಕನೆಕ್ಟರಿನ ಹುಡ್ ಒಳಗೆ ಹಲ್ಲಿಯ ಎರಡು ಮೊಟ್ಟೆ, ಪಿನ್‌ಗಳ ಮೇಲೆ ಹಸಿರು ಕಿಲುಬು. 14 ಕಾಲಿನ ಆ ಚಿಪ್ಪಿನ ಬೆನ್ನಿಗೆ ಸಾಸಿವೆಯಷ್ಟು ತೂತು ಬಿದ್ದಿತ್ತು.

ಮೊದಲು ವೈಫೈ ಪ್ರಯತ್ನ ಮಾಡಿದೆ. ಇಎಸ್‌ಪಿ-8266 ಅನ್ನುವ ವೈಫೈ ಬೋರ್ಡಿಗೆ, ಸೀರಿಯಲ್ ತಂತಿಗೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್-3232 ಚಿಪ್ ಕಟ್ಟಿ 400 ರೂಪಾಯಿಯಲ್ಲಿ ಮುಗಿಸಿದೆ. ಎರಡು ವಾರ ಎಲ್ಲರಿಗೂ ಕರೆದು ತೋರಿಸಿದೆ. ಆಮೇಲೆ ಮಾಲು ಬರಲು ಶುರುವಾಯಿತು. ಚಿರೆಕಲ್ಲಿನ ದಪ್ಪ ಗೋಡೆ, ಅದರ ಹಿಂದೆ ಮಾಡಿನವರೆಗೆ ಚೀಲ. ಸಿಗ್ನಲ್ ಸತ್ತೇಹೋಯಿತು. ಆ ಬೋರ್ಡು ಈಗ ಮನೆಯಲ್ಲಿ ಪಂಪಿಗೆ ಕಟ್ಟಿದ್ದೇನೆ, ತೋಟಕ್ಕೆ ನೀರು ಬಿಡುತ್ತದೆ.

ಕೊನೆಗೆ ಅಂಗಳಕ್ಕೆ ಫೈಬರ್ ಎಳೆದೆ. ಫೈಬರನ್ನು ಮಾಮೂಲು ನೆಟ್‌ವರ್ಕ್ ತಂತಿಗೆ ಸೇರಿಸುವ ಎರಡು ಮೀಡಿಯಾ ಕನ್ವರ್ಟರ್, ಕೇಬಲ್, ಪೈಪು, ತುದಿ ಬೆಸೆಯುವವರ ಕೂಲಿ ಸೇರಿ ಸುಮಾರು 5,500. ಸೀರಿಯಲ್ ತಂತಿಯನ್ನು ನೆಟ್‌ವರ್ಕಿನವರೆಗೆ ಎಳೆಯಬಾರದು, ನೆಟ್‌ವರ್ಕನ್ನೇ ಟರ್ಮಿನಲ್ಲಿನ ಕಾಲಬುಡಕ್ಕೆ ತರಬೇಕು. ಗೋದಾಮಿನಲ್ಲೇ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ನಾಲ್ಕು ಪೋರ್ಟಿನ ಒಂದು ಡಬ್ಬಿ, ಅಲ್ಲಿಂದ ಟರ್ಮಿನಲ್‌ಗೆ ಆರಡಿ ತಂತಿ. ಎರಡು ಕಟ್ಟಡದ ನಡುವೆ ತಾಮ್ರ ಅನ್ನೋದೇ ಇಲ್ಲ. ಈ ವರ್ಷದ ಗುಡುಗಿಗೆ ಒಂದೂ 1489 ಸಾಯಲಿಲ್ಲ. ಪೈಯ ಮೆಮೊರಿ ಕಾರ್ಡ್ ಮಾತ್ರ ಕರೆಂಟ್ ಹೋಗಿ ಬಂದು ಎರಡು ಸಲ ಕೆಟ್ಟಿತು. ಕಾರ್ಡಿಗೆ ಏನೂ ಬರೆಯದ ಹಾಗೆ ರೀಡ್-ಓನ್ಲಿ ಮಾಡಿದ ಮೇಲೆ ಸರಿ ಇದೆ.

ಕರೆಂಟ್ ಹೋದರೂ ಅರ್ಧ ತುಂಬಿದ ಎಂಟ್ರಿ ಉಳಿಯಲಿ ಅಂತ ಲೈನ್ ಕಡಿದರೂ ಕೆಲಸ ಹಿಡಿದಿಡುವ "ಸ್ಕ್ರೀನ್" ಅನ್ನುವ ಪ್ರೋಗ್ರಾಂ ನಡುವೆ ಹಾಕಿ ನೋಡಿದೆ. ಅದು ಡೆಕ್‌ನ ವಿಟಿ-100 ಟರ್ಮಿನಲ್ಲಿನ ಭಾಷೆ ಮಾತಾಡುತ್ತದೆ, ವೈಸ್‌ಗಳ ಜೊತೆ ನಮ್ಮ ಪ್ರೋಗ್ರಾಂ ಮಾತಾಡೋದು ವೈಸ್ ಭಾಷೆ. ಪರದೆ ಪೂರ್ತಿ ಕಲಸುಮೇಲೋಗರ. ಬಿಟ್ಟೆ. ಟರ್ಮಿನಲ್‌ಗಳಿಗೆ ಇನ್ವರ್ಟರ್ ಲೈನ್ ಕೊಡಿಸಿದೆ. ಟೆಲ್ನೆಟ್‌ಗೆ ಗುಟ್ಟು ಗೊತ್ತಿಲ್ಲವಲ್ಲ, ಪಾಸ್‌ವರ್ಡ್ ಕೂಡ ಬಯಲಾಗೇ ಹೋಗುತ್ತದೆ, ಹಾಗಾಗಿ ಈ ಎಲ್ಲಕ್ಕೂ ಬೇರೆಯದೇ ಸ್ವಿಚ್, ಇಂಟರ್ನೆಟ್ ಹತ್ತಿರ ಸುಳಿಯುವುದಿಲ್ಲ.

ಗೋದಾಮಿನ ಡಬ್ಬಿಯಲ್ಲಿ ಒಂದು ಪೋರ್ಟ್ ಖಾಲಿ ಉಳಿದಿತ್ತು. ತೂಕದ ಯಂತ್ರದ ಬೆನ್ನಿನಲ್ಲೂ ಒಂದು ಸೀರಿಯಲ್ ಪೋರ್ಟ್ ಇದೆ, ಅದು ಸದಾ ತೂಕ ಉಗುಳುತ್ತಲೇ ಇರುತ್ತದೆ, ಕೇಳುವವರಿರಲಿಲ್ಲ. ಯಾರೂ ಕೇಳದಿದ್ದರೂ ಅದನ್ನೂ ಸೇರಿಸಿದೆ. ವೈಸ್‌ನಲ್ಲಿ ಎಫ್-1 ಒತ್ತಿದರೆ ಕಂಟ್ರೋಲ್-ಎ, ಒಂದು @, ಒಂದು ರಿಟರ್ನ್ ಹೋಗುತ್ತದೆ. ಪೈ ಅದನ್ನು ನಡುದಾರಿಯಲ್ಲಿ ಹಿಡಿದು ಅದರ ಜಾಗದಲ್ಲಿ ತಕ್ಕಡಿಯ ತೂಕ ಟೈಪ್ ಮಾಡುತ್ತದೆ. ಸರ್ವರಿಗೆ ಅದು ಕೈಯಿಂದ ಹೊಡೆದ ಹಾಗೇ ಕಾಣುತ್ತದೆ. ತಕ್ಕಡಿ ನಿಂತಿದೆಯೋ ಅಲ್ಲಾಡುತ್ತಿದೆಯೋ ಅಂತ ಹೇಗೆ ತಿಳಿಯೋದು ಅನ್ನೋದು ಅದರ ಜೀವಾಳ, ಅದನ್ನು ಬರೆಯುವುದಿಲ್ಲ.

ಹಿರಿಯರಿಗೆ ಹೇಳದೆ ಕಟ್ಟಿದ್ದೆ. ಬೆಟ್ಟೆ ಅಡಿಕೆಯ ಒಂದು ಚೀಲ ತಕ್ಕಡಿ ಮೇಲೆ ಇತ್ತು. "ಎಫ್ ಒಂದು ಒತ್ತಿ ನೋಡಿ" ಅಂದೆ. ಒತ್ತಿದರು. ಹಸಿರು ಅಕ್ಷರದಲ್ಲಿ ತೂಕ ಬಂದು ಕೂತಿತು. ಕನ್ನಡಕ ಮೇಲೆತ್ತಿ ತಕ್ಕಡಿ ನೋಡಿದರು, ಪರದೆ ನೋಡಿದರು, ಮತ್ತೆ ತಕ್ಕಡಿ ನೋಡಿದರು. ಏನೂ ಹೇಳಲಿಲ್ಲ. ಮುಂದಿನ ಚೀಲ ತರಿಸಿ ಮತ್ತೆ ಒತ್ತಿದರು. ಮಧ್ಯಾಹ್ನ ಅವರೇ ನನ್ನನ್ನು ಚಾಕ್ಕೆ ಕರೆದುಕೊಂಡು ಹೋದರು.

ಖರ್ಚು ನೆನಪಿನಿಂದ ಹೇಳುತ್ತೇನೆ. ಸರ್ವರಿಗೆ ಸೆಕೆಂಡ್ ಹ್ಯಾಂಡ್ ಮಷೀನ್ 22,000, ಪೋರ್ಟಿನ ಡಬ್ಬಿಗಳು 11,000, ಫೈಬರ್ 5,500, ಪೈ ಮತ್ತು ಅದರ ಸಾಮಾನು 5,000, ಥಿನ್ ಕ್ಲೈಂಟ್ 4,000, ತಂತಿ ಕನೆಕ್ಟರ್ 4,000, ಹಾಳಾದ ಕೇಬಲ್ 2,000, ಚಿಲ್ಲರೆ ಇನ್ನಷ್ಟು. 55,000ದ ಆಸುಪಾಸು. ನನ್ನ ಕೂಲಿ 30,000 ಕೇಳಿದ್ದೆ, ಸಂಘದವರು ಚರ್ಚೆ ಮಾಡದೆ ಕೊಟ್ಟರು.

ಈಗ ಕುಮಟಾದ ಒಂದು ಹಳೇ ಆಫೀಸಿನಿಂದ 800 ರೂಪಾಯಿಗೆ ಎರಡು ವೈಸ್-60 ತಂದಿಟ್ಟುಕೊಂಡಿದ್ದೇನೆ, ಬಿಡಿಭಾಗಕ್ಕೆ. ಒಂದರ ಪರದೆ ಚೆನ್ನಾಗಿದೆ, ಇನ್ನೊಂದರ ಕೀಬೋರ್ಡು. ಭಾನುವಾರ ಎರಡನ್ನೂ ಬಿಚ್ಚಿ ಒಂದು ಮಾಡಬೇಕು. ಸಂಘದವರು ಕಾಳುಮೆಣಸಿನ ತೂಕಕ್ಕೂ ಒಂದು ಟರ್ಮಿನಲ್ ಬೇಕು ಅಂದಿದ್ದಾರೆ.