ಮೂರು ಪ್ರಶ್ನೆಯ ಚೀಟಿ: ಪಂಚಾಯಿತಿಯಲ್ಲಿ ಆರೋಗ್ಯ ಯೋಜನೆಯ ಲೆಕ್ಕ ಕೇಳಿದ ನನ್ನ ಅನುಭವ

"ಚೀಟಿ ಬರೆದುಕೊಟ್ಟರೆ ಇಲಾಖೆಯವರು ಉತ್ತರ ಕೊಡ್ತಾರಾ?" ಅಂತ ಎರಡು ವರ್ಷದ ಹಿಂದೆ ಕೇಳಿದ ಮೇಂಬರುಗಳೇ ಈಗ ಆ ಚೀಟಿಯ ಫೋಟೊ ಕಳಿಸಿ ಅಂತಾರೆ. ಪಕ್ಕದ ಮೂರು ಪಂಚಾಯಿತಿಯವರು ಬಂದು ನಮ್ಮ ನಡಾವಳಿ ಪುಸ್ತಕ ನೋಡಿಕೊಂಡು ಹೋದರು. ಚೀಟಿ ಅಂದರೆ, ನಮ್ಮ ಊರಿನ ಆರೋಗ್ಯ ಕೇಂದ್ರದ ಬಗ್ಗೆ ಪ್ರತಿ ತಿಂಗಳು ಆರೋಗ್ಯ ಇಲಾಖೆಯವರಿಗೆ ಕಳಿಸುವ ಮೂರು ಪ್ರಶ್ನೆಯ ಹಾಳೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ನಮ್ಮದು ತುಮಕೂರು ಜಿಲ್ಲೆಯ ಬಯಲುಸೀಮೆ. ಎರಡು ಊರು, ಒಂದು ಗೊಲ್ಲರಹಟ್ಟಿ. 2020ರ ಡಿಸೆಂಬರ್ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು ಮೇಂಬರ್ ಆದೆ. ಊರಿನ ಆರೋಗ್ಯ ನೈರ್ಮಲ್ಯ ಸಮಿತಿಗೆ ಅಧ್ಯಕ್ಷೆ. ನಮ್ಮ ಊರಿನ ಆರೋಗ್ಯ ಉಪಕೇಂದ್ರವನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡಿದರು, ಆಮೇಲೆ ಬೋರ್ಡ್ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು ಬಂತು. ಮುಂದೆ ಕೇಂದ್ರ ಅಂದರೆ ಇದೇ.

ಇಲಾಖೆಯವರು ಈ ಬದಲಾವಣೆಯ ಯೋಜನೆಯನ್ನು ನಮ್ಮ ಸಭೆಗೆ ತಂದಾಗ ಅದು ಎರಡು ಹಾಳೆ ಇತ್ತು. ಬಿಪಿ, ಶುಗರ್ ಮಾತ್ರೆ ಇನ್ನು ಮೇಲೆ 11 ಕಿಲೋಮೀಟರ್ ದೂರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಹೋಗದೆ ಊರಲ್ಲೇ ಸಿಗುತ್ತದೆ ಅನ್ನುವುದು ಮೊದಲನೆಯದು. ಹಟ್ಟಿಗೆ ಸಿಸ್ಟರ್ ಬರುವ ದಿನ ಕಡಿಮೆ ಮಾಡಿ, ಎಲ್ಲರೂ ಕೇಂದ್ರಕ್ಕೇ ಬರಲಿ ಅನ್ನುವುದು ಎರಡನೆಯದು. ಕೊನೆಯಲ್ಲಿ ಒಂದೇ ಸಾಲು: ಜನರು ತಮ್ಮ ಆರೋಗ್ಯವನ್ನು ತಾವೇ ನೋಡಿಕೊಳ್ಳುವಂತೆ ಪ್ರೇರೇಪಿಸುವುದು. ಆ ಸಾಲಿನ ಮುಂದೆ ಹಣದ ಕಾಲಂ ಖಾಲಿ. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಮಾತ್ರೆ ಸಿಗದ ಊರಲ್ಲಿ ನಿಮ್ಮ ಆರೋಗ್ಯ ನೀವೇ ನೋಡಿಕೊಳ್ಳಿ ಅಂತ ಹೇಳುವುದು ತಪ್ಪು ಅಲ್ವಾ?

ಮೊದಲ ವರ್ಷ ನಾನು ಮಾಡಿದ್ದೆಲ್ಲ ಕೆಟ್ಟಿತು. ಗ್ರಾಮ ಸಭೆಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಕೇಳಿದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಭೆಗೆ ಪಿಎಚ್‌ಸಿ ಡಾಕ್ಟರ್ ಬರಲಿಲ್ಲ, ಒಬ್ಬ ಹುಡುಗನ ಕೈಲಿ ಹಾಳೆ ಕಳಿಸಿದರು. ಆಮೇಲೆ ಠರಾವು ಮಾಡಿ ಮೇಲಕ್ಕೆ ಕಳಿಸಿದೆವು. ಐದು ತಿಂಗಳಾದರೂ ಉತ್ತರ ಇಲ್ಲ. ಆ ಠರಾವಿನಲ್ಲಿ "ಸೂಕ್ತ ಕ್ರಮ ಕೈಗೊಳ್ಳಬೇಕು" ಅಂತ ಬರೆದಿದ್ದೆವು. ಯಾರು, ಯಾವಾಗ, ಏನು ಅಂತ ಇಲ್ಲದಿದ್ದರೆ ಉತ್ತರ ಕೊಡುವವರಾದರೂ ಏನು ಕೊಡ್ತಾರೆ?

ಚೀಟಿ ಹುಟ್ಟಿದ್ದು ಅದಾದ ಮೇಲೆ. ಕೇಂದ್ರದ ಜನ ಆರೋಗ್ಯ ಸಮಿತಿಗೆ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು, ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಓ) ಕಾರ್ಯದರ್ಶಿ. ಅಂದರೆ ಕೇಳುವ ಜಾಗ ನಮ್ಮ ಕೈಯಲ್ಲೇ ಇತ್ತು. ಸಭೆಗೆ ಎಂಟು ದಿನ ಮುಂಚೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಮೂಲಕ ಮೂರೇ ಪ್ರಶ್ನೆ ಕಳಿಸಿದೆ, ಚೀಟಿ ಬಂದಿದ್ದಕ್ಕೆ ದಾಖಲೆಯಾಗಿ ಇನ್‌ವರ್ಡ್ ನಂಬರ್ ಹಾಕಿಸಿ. ಮೂರಕ್ಕೂ ಉತ್ತರ ಸಂಖ್ಯೆಯಲ್ಲೇ ಬರಬೇಕು. ಹೋದ ತಿಂಗಳು ಎಷ್ಟು ದಿನ ಬಿಪಿ ಮಾತ್ರೆ ಪೂರ್ತಿ ಖಾಲಿ ಇತ್ತು? ಮಾತ್ರೆ ಬೇಕಾದವರ ಪಟ್ಟಿಯಲ್ಲಿರುವವರಲ್ಲಿ ಎಷ್ಟು ಜನ ಬಂದು ಮಾತ್ರೆ ತಗೊಂಡರು? ಮೂರನೆಯದು ತಿಂಗಳಿಗೊಂದು ಬದಲಾಗುತ್ತದೆ. ಉತ್ತರವನ್ನು ಸಭೆಯಲ್ಲಿ ಓದಿಸಿ, ಅದೇ ಮಾತಿನಲ್ಲಿ ನಡಾವಳಿಗೆ ಬರೆಸಬೇಕು. ಅಷ್ಟೇ.

"ಮೇಡಂ, ಇದರಿಂದ ಏನೂ ಆಗೋಲ್ಲ, ಅವರು ಸುಮ್ನೆ ಒಂದು ನಂಬರ್ ಬರೆದು ಕೊಡ್ತಾರೆ" ಅಂದರು ಹಿರಿಯ ಮೇಂಬರ್ ಒಬ್ಬರು. ಮೊದಲ ತಿಂಗಳು ಹಾಗೇ ಆಯಿತು. ಖಾಲಿ ಇದ್ದ ದಿನ ಸೊನ್ನೆ ಅಂತ ಬಂತು. ಆ ತಿಂಗಳು ಕೇಂದ್ರದಿಂದ ಬರಿಗೈಲಿ ಬಂದ ಏಳು ಜನರ ತಾರೀಖು ನನ್ನ ಹತ್ತಿರ ಇತ್ತು. ಅದನ್ನು ಹೇಗೆ ಕೂಡಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ನಾಳೆಯಿಂದ ಅದು ನಡೆಯುವುದಿಲ್ಲ. ಸಭೆಯಲ್ಲಿ ಯಾರನ್ನೂ ಬೈಯದೆ ಏಳು ತಾರೀಖು ಓದಿದೆ. ಮುಂದಿನ ತಿಂಗಳಿಂದ ಉತ್ತರ ನಿಜ ಬಂತು. ಹದಿನಾಲ್ಕು ದಿನ ಖಾಲಿ.

ಯಾಕೆ ಖಾಲಿ ಅಂತ ಹುಡುಕಲು ಮೂರು ತಿಂಗಳು ಹಿಡಿಯಿತು. ನಮಗೆಲ್ಲ ಮೇಲಿಂದಲೇ ಬರುತ್ತಿಲ್ಲ ಅನ್ನುವ ಅನುಮಾನ ಇತ್ತು. ಹಾಗಿರಲಿಲ್ಲ. ಬಿಪಿ ಮಾತ್ರೆ ಅಮ್ಲೋಡಿಪಿನ್ 5 ಎಂಜಿ ಪಿಎಚ್‌ಸಿ ಬೀರುವಿನಲ್ಲಿ ಪೆಟ್ಟಿಗೆಗಟ್ಟಲೆ ಕೂತಿತ್ತು. ನಮ್ಮ ಕೇಂದ್ರದ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುವಾಗ ಹೋದ ತಿಂಗಳು ಎಷ್ಟು ಖರ್ಚಾಯಿತೋ ಅಷ್ಟೇ ಕೇಳುತ್ತಿದ್ದರು. ಅರ್ಧ ತಿಂಗಳು ಮಾತ್ರೆ ಇಲ್ಲದಿದ್ದರೆ ಖರ್ಚು ಅರ್ಧ. ಮುಂದಿನ ಸಲ ಬರುವುದೂ ಅರ್ಧ. ಹೀಗೆ ತಿಂಗಳು ತಿಂಗಳು ಇಳಿಯುತ್ತಾ ಹೋಗಿತ್ತು. ಯಾರೂ ಕದ್ದಿರಲಿಲ್ಲ, ಲೆಕ್ಕ ಹಾಕುವ ರೀತಿಯೇ ತಪ್ಪು. ಪಟ್ಟಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಜನಕ್ಕೆ ಮೂವತ್ತು ದಿನದ ಲೆಕ್ಕ, ಮೇಲೆ ಹದಿನೈದು ದಿನದ್ದು ಕೈಯಲ್ಲಿ ಅಂತ ಠರಾವು ಮಾಡಿದೆವು. ತರಲು ಗಾಡಿ ಖರ್ಚು ಇಲ್ಲ ಅಂದರು. ನಮ್ಮ ಆರೋಗ್ಯ ಕೇಂದ್ರಕ್ಕೆ ಮುಕ್ತ ನಿಧಿ, ಅಂದರೆ ಇಂಥದಕ್ಕೇ ಅಂತ ಕಟ್ಟಿಲ್ಲದ ಹಣ, ವರ್ಷಕ್ಕೆ 50,000 ಬರುತ್ತದೆ, ಅದುವರೆಗೆ ಅದು ಸುಣ್ಣ ಬಣ್ಣ, ಬೋರ್ಡು, ಕುರ್ಚಿಗೇ ಹೋಗುತ್ತಿತ್ತು. ಅದರಲ್ಲಿ ತಿಂಗಳಿಗೆ 300 ರೂಪಾಯಿ ಆಟೋಗೆ ಇಟ್ಟೆವು. ಇಷ್ಟು ದಿನ ನಿಂತಿದ್ದ ಕೆಲಸ ಆ ಮುನ್ನೂರರಿಂದ ಓಡಿತು.

ಹಟ್ಟಿಯ ವಿಷಯದಲ್ಲಿ ನಾನು ಬಗ್ಗಲಿಲ್ಲ. ನಾಲ್ಕು ಕಿಲೋಮೀಟರ್ ನಡೆದು ಬರಬೇಕಾದ ವಯಸ್ಸಾದವರ ಹೆಸರು ಓದಿಸಿದೆ, ಇಪ್ಪತ್ತಾರೋ ಇಪ್ಪತ್ತೇಳೋ ಇತ್ತು. ತಿಂಗಳಿಗೆ ಎರಡು ದಿನ ಸಿಸ್ಟರ್ ಹೋಗುವುದು ಉಳಿಯಿತು.

ಇನ್ನು ತಾವೇ ನೋಡಿಕೊಳ್ಳುವ ಸಾಲು. ಮಾತ್ರೆ ಸರಿಯಾದ ಮೇಲೆ ಅದಕ್ಕೆ ಕೈ ಹಾಕಿದೆ. ಊರಿನ ಸಮಿತಿಗೆ ವರ್ಷಕ್ಕೆ ಸಿಗುವ 10,000 ರೂಪಾಯಿಯಲ್ಲೇ ಮಾಡಬೇಕಿತ್ತು. ಮೊದಲು 1,100 ಕೊಟ್ಟು ಮಣಿಕಟ್ಟಿಗೆ ಕಟ್ಟುವ ಬಿಪಿ ಮಷಿನ್ ತಂದೆ. ಕೈ ಸ್ವಲ್ಪ ಆಚೀಚೆ ಆದರೆ ನಂಬರೇ ಬೇರೆ. ದುಡ್ಡು ಹೋಯಿತು. ಆಮೇಲೆ ತೋಳಿಗೆ ಕಟ್ಟುವುದು, ಎರಡು ಸಾವಿರದ ಹತ್ತಿರ. ದಪ್ಪ ತೋಳಿನವರಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಜಾಸ್ತಿ ತೋರಿಸುತ್ತದೆ ಅಂತ ಸಿಎಚ್‌ಓ ಹೇಳಿದ ಮೇಲೆ ದೊಡ್ಡ ಪಟ್ಟಿಗೆ ಇನ್ನೊಂದು ಆರುನೂರು. ಶುಗರ್ ಸ್ಟ್ರಿಪ್ಪಿನ ಡಬ್ಬಿ ಮುಚ್ಚಳ ಸರಿ ಹಾಕದೆ ಏಳುನೂರು ರೂಪಾಯಿಯದ್ದು ಹಾಳಾಯಿತು.

ಬೆಳಿಗ್ಗೆ ಎಲ್ಲರೂ ಸೇರುವ ಜಾಗ ಹಾಲಿನ ಡೈರಿ. ಅಲ್ಲೇ ಬಿಪಿ ನೋಡಿದೆವು. ಮೊದಲ ವಾರ ಅರ್ಧ ಊರಿಗೆ ಬಿಪಿ ಬಂದಂತೆ ಕಾಣಿಸಿತು, 150, 160. ಜನ ಹೆದರಿದರು. ಸಿಎಚ್‌ಓ ಮೇಡಂ ಬಂದು ನೋಡಿ, "ಕ್ಯಾನು ಹೊತ್ತು ನಡೆದು ಬಂದವರಿಗೆ ನಿಂತ ಹಾಗೇ ಕಟ್ಟಿದರೆ ಇನ್ನೇನಾಗುತ್ತೆ ಅಕ್ಕಾ?" ಅಂದರು. ಆಮೇಲೆ ಗೋಡೆಗೆ ಒರಗುವ ಹಾಗೆ ಬೆಂಚು ಹಾಕಿಸಿದೆ. ಹಾಲು ಅಳೆಸಿ, ಎಲೆ ಅಡಿಕೆ ಹೊಗೆಸೊಪ್ಪು ಹಾಕದೆ, ಮಾತಾಡದೆ ಐದು ನಿಮಿಷ ಕೂರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. 140/90 ದಾಟಿದರೆ ಇನ್ನೊಂದು ದಿನ ಮತ್ತೆ ನೋಡಿ, ಆಗಲೂ ಜಾಸ್ತಿ ಇದ್ದರೆ ಮೇಡಂ ಹತ್ತಿರ. ಮುಕ್ಕಾಲುಪಾಲು ಹೆದರಿಕೆ ಅಲ್ಲೇ ಇಳಿಯಿತು.

ಮಾತ್ರೆ ಮರೆಯುವುದಕ್ಕೆ ಒಂದು ದಾರಿ ಸಿಕ್ಕಿತು. ನಮ್ಮ ಮನೆಗಳಲ್ಲಿ ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲೇ ಬರೆಯುವುದು. ಅದೇ ಚೌಕದಲ್ಲಿ ಮಾತ್ರೆ ನುಂಗಿದ ಮೇಲೆ ಒಂದು ಗೀಟು. ಬೇರೆ ಪುಸ್ತಕ ಕೊಟ್ಟಾಗ ಹದಿನೈದು ದಿನದಲ್ಲಿ ಬಿಟ್ಟಿದ್ದರು, ಕ್ಯಾಲೆಂಡರ್ ಬಿಡಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಹೋದರೆ ಗೋಡೆ ನೋಡಿದರೆ ಸಾಕು.

ಉಪ್ಪಿನ ಪ್ರಯೋಗ ಮಾತ್ರ ಪೂರ್ತಿ ಕೈ ಹತ್ತಿಲ್ಲ. ಒಬ್ಬರಿಗೆ ದಿನಕ್ಕೆ 5 ಗ್ರಾಮ್ ಸಾಕು ಅಂತಾರೆ, ಒಂದು ಟೀ ಚಮಚ. ನಾಲ್ಕು ಜನರ ಮನೆಗೆ ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಲ್ಲಿ ತಾರೀಖು ಬರೆಯಿರಿ ಅಂದೆ. ನಮ್ಮ ಮನೆಯಲ್ಲೇ 24 ದಿನಕ್ಕೆ ಮುಗಿಯಿತು. ಒಂದು ಮನೆಯಲ್ಲಿ 12 ದಿನ! ವಿಚಾರಿಸಿದರೆ ಹಸುವಿನ ಬೂಸಕ್ಕೂ ಅದೇ ಉಪ್ಪು. ದನಕ್ಕೆ ಕಲ್ಲುಪ್ಪು ಬೇರೆ ಇಡಿಸಿದ ಮೇಲೆ ಲೆಕ್ಕ ಸರಿಯಾಯಿತು. ಮಾವಿನಕಾಯಿ ಕಾಲದಲ್ಲಿ ಉಪ್ಪಿನಕಾಯಿ ಹಾಕುವಾಗ ಮತ್ತೆ ಎಲ್ಲ ಕೆಡುತ್ತದೆ, ಆ ಎರಡು ತಿಂಗಳು ನಾನು ಲೆಕ್ಕ ಕೇಳುವುದೇ ಇಲ್ಲ. ಸುಮಾರು ಮೂವತ್ತು ಮನೆಯಲ್ಲಿ ಪ್ಯಾಕೆಟ್ 35 ದಿನದ ಮೇಲೆ ಬರುತ್ತಿದೆ. ಸಾರಿಗೆ ಉಪ್ಪು ಕಡಿಮೆ ಮಾಡಿದರೂ ಗಂಡಸರಿಗೆ ಗೊತ್ತಾಗದ ಹಾಗೆ ಮಾಡುವ ಒಂದು ಉಪಾಯ ಇದೆ. ಅದು ನಮ್ಮ ಹೆಂಗಸರ ಸಂಘದಲ್ಲೇ ಇರಲಿ.

ನಮ್ಮ ಪಟ್ಟಿಯಲ್ಲಿ ಇನ್ನೂರಹತ್ತು ಜನ ಇದ್ದಾರೆ. ಶುರುವಿನಲ್ಲಿ ತಿಂಗಳು ತಪ್ಪದೆ ಮಾತ್ರೆ ತಗೊಳ್ಳುತ್ತಿದ್ದವರು ಎಪ್ಪತ್ತು ಇರಬಹುದು. ಈಗ ನೂರೈವತ್ತು ದಾಟಿದೆ. ಖಾಲಿ ಇದ್ದ ದಿನ ಕಳೆದ ಆರು ತಿಂಗಳಲ್ಲಿ ಒಟ್ಟು ಮೂರು. ನಡಾವಳಿ ಪುಸ್ತಕದಲ್ಲಿ ಎಲ್ಲ ಇದೆ, ಯಾರು ಬೇಕಾದರೂ ಬಂದು ನೋಡಬಹುದು. ಅಂದು ಸಭೆಗೆ ಬಾರದ ಡಾಕ್ಟರೂ ಈಗ ತಪ್ಪದೆ ಬರುತ್ತಾರೆ, ಚೀಟಿ ತಡವಾದರೆ ಅವರೇ ಫೋನ್ ಮಾಡಿ ಕೇಳುತ್ತಾರೆ.

ಈ ತಿಂಗಳ ಮೂರನೇ ಪ್ರಶ್ನೆ ಕಣ್ಣಿನದು. ಶುಗರ್ ಇರುವವರಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆ ನೋಡಿಸಿಕೊಂಡವರು ಎಷ್ಟು ಜನ ಅಂತ ಕೇಳಿದ್ದೇನೆ. ಇನ್‌ವರ್ಡ್ ನಂಬರ್ ಬಿದ್ದಿದೆ, ಸಭೆ ಮುಂದಿನ ಗುರುವಾರ.