ಬಿಸಿಲಲ್ಲಿ ಕೆಲಸ ಮಾಡೋರು, ಮಾಡಿಸೋರು ಹೀಟ್ ಸ್ಟ್ರೆಸ್ ಬಗ್ಗೆ ಗೊತ್ತಿಟ್ಕೊಬೇಕಾದ್ದು

ಬಿಸಿಲು ಜೋರಾದ್ರೆ ಎಲ್ಲರೂ ಹೇಳೋದು ಒಂದೇ ಮಾತು, ನೀರು ಕುಡೀರಿ ಅಂತ. ಸರೀನೇ, ಆದ್ರೆ ಬಾಟ್ಲಿ ಗಟ್ಟಲೆ ನೀರು ಕುಡಿದೋರೂ ಕುಸಿದು ಬೀಳ್ತಾರೆ. ಯಾಕಂದ್ರೆ ಇಲ್ಲಿ ಹೊರಗಿನ ಬಿಸಿ ಅರ್ಧ ಕಥೆ ಅಷ್ಟೇ, ಇನ್ನರ್ಧ ನಮ್ಮ ಮೈ ಒಳಗೇ ಹುಟ್ಟತ್ತೆ. ಅಗೆಯೋದು, ಮೂಟೆ ಹೊರೋದು, ಓಡೋದು ಏನೇ ಮಾಡಿದ್ರೂ ಸ್ನಾಯುಗಳು ಸುಡೋ ಶಕ್ತೀಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಬಿಸಿಯಾಗೇ ಹೋಗತ್ತೆ, ಅದು ಮೈಯಿಂದ ಆಚೆ ಹೋಗ್ಲಿಲ್ಲ ಅಂದ್ರೆ 37 ಡಿಗ್ರಿ ಹತ್ರ ಇರಬೇಕಾದ ಒಳಗಿನ ಟೆಂಪರೇಚರ್ ಏರ್ತಾ ಹೋಗತ್ತೆ. ಹೊರಗಿಂದ, ಒಳಗಿಂದ ಹೀಗೆ ಮೈ ಮೇಲೆ ಬೀಳೋ ಬಿಸಿಯ ಭಾರಾನೇ ಹೀಟ್ ಸ್ಟ್ರೆಸ್. ಆಚೆ ಹಾಕೋಕೆ ಇರೋ ಮುಖ್ಯ ದಾರಿ ಬೆವರು, ಅದೂ ಸುರಿದ್ರೆ ಸಾಲದು, ಆರಬೇಕು. ಗಾಳೀಲಿ ತೇವ ಜಾಸ್ತಿ ಇದ್ದಾಗ ಬೆವರು ಆರದೇ ತೊಟ್ಟಿಕ್ಕತ್ತೆ, ನೀರೂ ಹೋಯ್ತು ಉಪ್ಪೂ ಹೋಯ್ತು, ತಂಪು ಮಾತ್ರ ಸಿಗ್ಲಿಲ್ಲ.

ಹಾಗಾಗಿ ಮೊಬೈಲಲ್ಲಿ ಕಾಣೋ ಡಿಗ್ರಿ ಒಂದನ್ನೇ ನಂಬಬೇಡಿ. ಅದು ನೆರಳಲ್ಲಿ ಅಳೆದ ಲೆಕ್ಕ, ಒಣ ಗಾಳೀಲಿ 40 ಡಿಗ್ರಿಗಿಂತ ತೇವ ತುಂಬಿದ ಗಾಳೀಲಿ 33 ಡಿಗ್ರಿನೇ ಮೈಗೆ ಕಷ್ಟ ಆಗಬಹುದು. ಕೆಲಸದ ಜಾಗಗಳಿಗೆ ಡಬ್ಲ್ಯೂಬಿಜಿಟಿ (ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್) ಅಂತ ಒಂದು ಅಳತೆ ಇದೆ, ಬಿಸಿ, ತೇವ, ಬಿಸಿಲು ಎಲ್ಲಾನೂ ಸೇರಿಸಿ ನೋಡೋದು, ಬಯಲಲ್ಲಿ ಅದರ ಲೆಕ್ಕದಲ್ಲಿ 70 ಪರ್ಸೆಂಟ್ ತೂಕ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ, 20 ಪರ್ಸೆಂಟ್ ಬಿಸಿಲಿಗೆ ಕಾದ ಕಪ್ಪು ಗೋಳಕ್ಕೆ, ಮಾಮೂಲಿ ಗಾಳಿಯ ಟೆಂಪರೇಚರಿಗೆ ಸಿಗೋದು ಬರೀ 10 ಪರ್ಸೆಂಟ್. ಮೀಟರ್ ಇಲ್ದಿದ್ರೆ ಬಟ್ಟೆ ಮೈಗೆ ಅಂಟಿಕೊಂಡು ಆರ್ತಾನೇ ಇಲ್ವಾ ಅಂತ ನೋಡಿ, ಹಾಗಿದ್ರೆ ಕೆಲಸದ ವೇಗ ಇಳಿಸಿ. ಬಾಯ್ಲರ್ ರೂಮು, ಲಾಂಡ್ರಿ, ದೊಡ್ಡ ಅಡುಗೆಮನೆ, ತಗಡಿನ ಶೆಡ್ಡು ಇಂಥ ಕಡೆ ಸೂರ್ಯ ಕಾಣದೇನೇ ಹೀಟ್ ಸ್ಟ್ರೋಕ್ (ಮೈ ಬಿಸಿ ವಿಪರೀತ ಏರಿ ಜೀವಕ್ಕೇ ಅಪಾಯ ಆಗೋ ಸ್ಥಿತಿ) ಆಗತ್ತೆ, ಅದನ್ನ ಮರೀಬೇಡಿ.

ಕೆಲಸ ಮಾಡಿಸೋರು ಒಂದೇ ಒಂದು ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ, ಅಪಾಯ ಜಾಸ್ತಿ ಇರೋದು ಹೊಸಬರಿಗೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಲೆಕ್ಕದ ಪ್ರಕಾರ ಬಿಸಿಯಿಂದ ಸಾಯೋ ಕಾರ್ಮಿಕರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಸಾಯೋದು ಕೆಲಸದ ಮೊದಲನೇ ದಿನಾನೇ. ಮೈ ಬಿಸಿಗೆ ಒಗ್ಗೋಕೆ ಒಂದರಿಂದ ಎರಡು ವಾರ ಬೇಕು, ಒಗ್ಗಿದ್ಮೇಲೆ ಬೆವರು ಬೇಗ ಶುರುವಾಗತ್ತೆ, ಅದರಲ್ಲಿ ಉಪ್ಪು ಕಮ್ಮಿ ಹೋಗತ್ತೆ. ಅದಕ್ಕೇ ಹೊಸಬರಿಗೆ ಮೊದಲ ದಿನ ಬಿಸೀಲಿ 20 ಪರ್ಸೆಂಟ್ ಕೆಲಸ ಅಷ್ಟೇ, ಆಮೇಲೆ ದಿನಕ್ಕೆ 20 ಪರ್ಸೆಂಟಿನ ಹಾಗೆ ಏರಿಸ್ಕೊಂಡು ಹೋಗಿ. ಹಳಬರೂ ವಾರಗಟ್ಟಲೆ ರಜೆ ಹಾಕಿ ಬಂದ್ರೆ ಮೊದಲ ದಿನ ಅರ್ಧ ಕೆಲಸ ಕೊಡಿ. ಕಷ್ಟ ಏನಂದ್ರೆ, ಬಂದ ದಿನಾನೇ ತಾನು ಗಟ್ಟಿ ಅಂತ ತೋರಿಸೋಕೆ ಹೋಗೋನೂ ಆ ಹೊಸಬನೇ, ಹಾಗಾಗಿ ಅವನನ್ನ ತಡೆಯೋ ಕೆಲಸ ಸೂಪರ್‌ವೈಸರ್‌ದು.

ಇನ್ನು ನೀರು. ಬಾಯಾರಿಕೆ ಆಗೋ ಹೊತ್ತಿಗೆ ಆಗಲೇ ತಡ ಆಗಿರತ್ತೆ, ಬಿಸೀಲಿ ದುಡಿಯೋವಾಗ 15-20 ನಿಮಿಷಕ್ಕೊಂದು ಸಲ ಒಂದು ಲೋಟ, ಅಂದ್ರೆ ಸುಮಾರು 240 ಎಂಎಲ್ ಕುಡೀರಿ, ಒಂದೇ ಸಲಕ್ಕೆ ಲೀಟರ್ ಸುರ್ಕೊಬೇಡಿ. ಗಂಟೆಗೆ ಸುಮಾರು 1.4 ಲೀಟರ್ ದಾಟಲೂಬಾರದು, ರಕ್ತದಲ್ಲಿ ಸೋಡಿಯಂ ಇಳಿದು ಅದೇ ಬೇರೆ ತೊಂದ್ರೆ ಆಗತ್ತೆ. ಗಂಟೆಗಟ್ಟಲೆ ಬೆವರು ಸುರೀತಾ ಇದ್ರೆ ಬರೀ ನೀರು ಸಾಲದು, ಉಪ್ಪಿನಂಶ ಇರೋದೂ ಬೇಕು, ಒಆರ್‌ಎಸ್ ಆದ್ರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಮೂತ್ರ ಗಾಢ ಹಳದಿ ಆಗಿದ್ರೆ ನೀರು ಸಾಲ್ತಿಲ್ಲ ಅಂತ. ಹತ್ರದಲ್ಲಿ ಟಾಯ್ಲೆಟ್ ಇಲ್ಲ ಅಂತ ಎಷ್ಟೋ ಹೆಂಗಸರು ನೀರೇ ಕುಡಿಯಲ್ಲ, ಅಂಥ ಕಡೆ ನೀರಿನ ಕ್ಯಾನ್ ಇಟ್ಟು ಕೈತೊಳ್ಕೊಂಡ್ರೆ ಆಗಲ್ಲ, ಟಾಯ್ಲೆಟ್ಟೂ ಕೊಡಬೇಕು.

ಭಾರದ ಕೆಲಸ ಬೆಳಗ್ಗೆ ಬೇಗ ಮುಗಿಸಿ, ಮಧ್ಯೆ ಮಧ್ಯೆ ನೆರಳಲ್ಲಿ ಬಿಡುವು ಕೊಡಿ, ಬಟ್ಟೆ ಸಡಿಲ ಇರಲಿ.

ಮನೇಲಿರೋರ ವಿಷಯ. ವಯಸ್ಸಾದೋರಿಗೆ ಬಾಯಾರಿಕೆನೇ ಸರಿಯಾಗಿ ಗೊತ್ತಾಗಲ್ಲ, ಅದರಲ್ಲೂ ಒಬ್ಬರೇ ಇರೋರನ್ನ ದಿನಕ್ಕೆ ಎರಡು ಸಲ ಆದ್ರೂ ಹೋಗಿ ನೋಡಿ. ಮೂತ್ರ ಹೋಗಿಸೋ ಮಾತ್ರೆ, ಕೆಲವು ಬಿಪಿ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ಮೈ ತಂಪಾಗೋದನ್ನ ತಡೀತವೆ, ಹಾಗಂತ ನೀವೇ ನಿಲ್ಲಿಸ್ಬೇಡಿ, ಡಾಕ್ಟರನ್ನ ಕೇಳಿ. ಗಾಳಿ 40 ಡಿಗ್ರಿ ದಾಟಿದ್ಮೇಲೆ ಫ್ಯಾನ್ ಒಂದೇ ಹಾಕ್ಕೊಂಡ್ರೆ ಬಿಸಿ ಗಾಳೀನೇ ಮೈಗೆ ಹೊಡೀತಿರತ್ತೆ, ಮೈ ಒದ್ದೆ ಮಾಡ್ಕೊಳ್ಳಿ. ನಿಲ್ಲಿಸಿದ ಕಾರಲ್ಲಿ ಮಗೂನ ಐದು ನಿಮಿಷಾನೂ ಬಿಡಬೇಡಿ, ಗ್ಲಾಸ್ ಸ್ವಲ್ಪ ಇಳಿಸಿದ್ರೂ ಅಷ್ಟೇ.

ಈಗ ಯಾರಿಗಾದ್ರೂ ಆಗೇಬಿಟ್ರೆ ಏನ್ಮಾಡೋದು. ತಲೆನೋವು, ವಾಕರಿಕೆ, ತಲೆಸುತ್ತು, ವಿಪರೀತ ಬೆವರು, ಕಾಲು ಹಿಡ್ಕೊಳ್ಳೋದು, ಇಷ್ಟಿದ್ದು ಮಾತು ಸರಿಯಾಗಿದ್ರೆ ನೆರಳಿಗೆ ಕರ್ಕೊಂಡು ಹೋಗಿ ಮಲಗಿಸಿ, ಕಾಲು ಸ್ವಲ್ಪ ಎತ್ತರಕ್ಕಿಡಿ, ಮೈ ಒದ್ದೆ ಮಾಡಿ, ನಿಧಾನಕ್ಕೆ ಕುಡಿಸಿ. ಆದ್ರೆ ಮಾತು ತೊದಲ್ತಿದೆ, ಏನೇನೋ ಹೇಳ್ತಿದ್ದಾನೆ, ಸುಮ್ಸುಮ್ನೆ ಸಿಟ್ಟಾಗ್ತಿದ್ದಾನೆ, ಫಿಟ್ಸ್ ಬಂತು, ಜ್ಞಾನ ತಪ್ತು ಅಂದ್ರೆ ಅದು ಹೀಟ್ ಸ್ಟ್ರೋಕ್ ಅಂತಾನೇ ತಗೊಳ್ಳಿ. ಒಳಗಿನ ಟೆಂಪರೇಚರ್ 40 ಡಿಗ್ರಿ ದಾಟಿರತ್ತೆ. ಬೆವರು ಬರ್ತಿದೆಯಲ್ಲ, ಹೀಟ್ ಸ್ಟ್ರೋಕ್ ಇರಲಾರದು ಅಂತ ಕಾಯ್ಬೇಡಿ, ದುಡೀತಾ ಬಿದ್ದೋರಿಗೆ ಎಷ್ಟೋ ಸಲ ಬೆವರು ಇರತ್ತೆ. ತಲೆ ಓಡದೇ ಇರೋದ್ರಿಂದ ತನಗೇನೋ ಆಗ್ತಿದೆ ಅನ್ನೋದು ಅವನಿಗೇ ಗೊತ್ತಾಗಲ್ಲ, ಕೇಳಿದ್ರೆ ಏನಿಲ್ಲ ಅಂತಾನೆ, ಅದಕ್ಕೇ ಬಿಸೀಲಿ ಯಾರನ್ನೂ ಒಬ್ಬರನ್ನೇ ಕೆಲಸಕ್ಕೆ ಬಿಡಬಾರದು.

ಒಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ, ಉಳಿದೋರು ಆಗಿಂದಾಗಲೇ ತಂಪು ಮಾಡೋಕೆ ಶುರು ಮಾಡಿ. ಗಾಡಿ ಬರೋವರೆಗೂ ಸುಮ್ನೆ ನಿಂತ್ರೆ ಮೆದುಳು, ಕಿಡ್ನಿ ಎಲ್ಲ ಬೇಯ್ತಾನೇ ಇರತ್ತೆ. ಟಬ್ ಇದ್ರೆ ತಲೆ ನೀರಿಂದ ಆಚೆ ಇರೋ ಹಾಗೆ ಕತ್ತಿನ ತನಕ ತಣ್ಣೀರಲ್ಲಿ ಮುಳುಗಿಸಿ, ಒಬ್ಬರು ಹಿಡ್ಕೊಂಡೇ ಇರಬೇಕು. ಟಬ್ ಇಲ್ವಾ, ಪೈಪಲ್ಲಿ ನೀರು ಬಿಡ್ತಾ ಜೋರಾಗಿ ಗಾಳಿ ಹಾಕಿ, ಐಸ್ ಇದ್ರೆ ಕತ್ತು, ಕಂಕುಳು, ತೊಡೆ ಸಂದಿಗೆ ಬಟ್ಟೇಲಿ ಸುತ್ತಿ ಇಡಿ. ಪ್ಯಾರಸಿಟಮಾಲ್ ಕೊಡಬೇಡಿ, ಇದು ಜ್ವರ ಅಲ್ಲ, ಕೆಲಸ ಮಾಡಲ್ಲ. ಪ್ರಜ್ಞೆ ಸರಿ ಇಲ್ದೋರ ಬಾಯಿಗೆ ನೀರು ಹಾಕಿದ್ರೆ ಶ್ವಾಸಕೋಶಕ್ಕೆ ಹೋಗಬಹುದು, ಅದೂ ಬೇಡ.

ಬರೀ ಸುಸ್ತಾಗಿ ಚೇತರಿಸ್ಕೊಂಡೋರನ್ನೂ ಅವತ್ತೇ ವಾಪಸ್ ಬಿಸಿಲಿಗೆ ಕಳಿಸ್ಬೇಡಿ. ಮಾರನೇ ದಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ರೆ ಅಥವಾ ಮೈಕೈ ವಿಪರೀತ ನೋಯ್ತಿದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ, ಸ್ನಾಯು ಕರಗಿ ಕಿಡ್ನಿಗೆ ಏಟು ಬೀಳ್ತಿರಬಹುದು. ಹೀಟ್ ಸ್ಟ್ರೋಕ್ ಆಗಿದ್ದೋರು ಡಾಕ್ಟರ್ ಹೇಳೋವರೆಗೂ ಬಿಸಿ ಇರೋ ಕಡೆ ಕೆಲಸಕ್ಕೆ ಹೋಗೋ ಹಾಗೇ ಇಲ್ಲ.